ಎರಡೇ ಸೀಟಿನ ಕಾರು

ಎರಡು ಸಾವಿರದ ಮೂರನೇ ಇಸವಿಯ ಬೇಸಿಗೆ ಮುಗಿಯುವ ಹೊತ್ತಿಗೆ ನಾನೊಂದು ಕೆಂಪು ಸ್ಪೋರ್ಟ್ಸ್ ಕಾರು ಕೊಂಡು ಶಿಡ್ಲಘಟ್ಟಕ್ಕೆ ತಂದೆ. ಚಿಂತಾಮಣಿಯಲ್ಲಿ ನನ್ನದೊಂದು ಹಲ್ಲಿನ ಕ್ಲಿನಿಕ್ ಇತ್ತು. ಅಪ್ಪ ಅಮ್ಮನ ಜೊತೆ ಶಿಡ್ಲಘಟ್ಟದಲ್ಲಿದ್ದುಕೊಂಡು ದಿನವೂ ಹೋಗಿ ಬರುತ್ತಿದ್ದೆ. ಮೂವತ್ತು ದಾಟಿದರೂ ಮದುವೆಯಾಗಿರಲಿಲ್ಲ. ಆ ಬಗ್ಗೆ ನನಗಿಂತ ನಮ್ಮ ಬೀದಿಯವರಿಗೇ ಚಿಂತೆ ಹೆಚ್ಚಾಗಿತ್ತು. ಕಾರು ಬಂದ ಮೇಲೆ ಅವರ ಮಾತು ಆ ಕಡೆ ತಿರುಗಿದ್ದು ನನಗೆ ಸಿಕ್ಕ ಮೊದಲ ಲಾಭ.

ನಮ್ಮಪ್ಪ ಚೆನ್ನರಾಯಪ್ಪ ಮೂವತ್ತು ವರ್ಷ ಸರ್ಕಾರಿ ಜೀಪು ಓಡಿಸಿ ನಿವೃತ್ತರಾದವರು. ಲಸಿಕೆ ಹಾಕುವವರನ್ನು, ಡಾಕ್ಟರುಗಳನ್ನು ಕೂರಿಸಿಕೊಂಡು ಅವರು ತಿರುಗದ ಹಳ್ಳಿಯಿರಲಿಲ್ಲ. ನಾನು ಚಿಕ್ಕವಳಿದ್ದಾಗ ಆ ಜೀಪು ಎಷ್ಟೋ ಸಂಜೆ ನಮ್ಮ ಮನೆ ಮುಂದೆಯೇ ನಿಂತಿರುತ್ತಿತ್ತು. ಆದರೆ ನಾನು ಅದರೊಳಗೆ ಒಂದು ಸಲವೂ ಕೂತವಳಲ್ಲ. ಬಾನೆಟ್ಟಿನ ಮೇಲೆ ಕೈಯಿಟ್ಟರೂ ಅಪ್ಪ ಒಳಗಿಂದಲೇ ಗದರುತ್ತಿದ್ದರು. ಗಾಡಿಯ ಹುಚ್ಚು ನನಗೆ ಹತ್ತಿದ್ದು ಹಾಗೆಯೇ ಇರಬೇಕು.

ಕಾರು ಮನೆ ಮುಂದೆ ನಿಂತಾಗ ಅಪ್ಪ ಕೈ ಹಿಂದೆ ಕಟ್ಟಿಕೊಂಡು ಅದನ್ನು ಒಂದು ಸುತ್ತು ಬಂದರು. ಕಾರಿನ ಎತ್ತರ ಅವರ ಸೊಂಟಕ್ಕೂ ಬರುತ್ತಿರಲಿಲ್ಲ.

“ಇದೇನಮ್ಮಾ ತನುಜಾ, ಗಾಡಿನಾ ಚಪ್ಪಲಿನಾ?”

“ಸ್ಪೋರ್ಟ್ಸ್ ಕಾರು ಕಣಪ್ಪ. ಹಿಂಗೇ ಇರ್ತದೆ.”

ಅಮ್ಮ ಆದಿಲಕ್ಷ್ಮಮ್ಮ ಒಳಗೆ ಇಣುಕಿ ನೋಡಿದರು. “ಹಿಂದಿನ ಸೀಟೆಲ್ಲೇ?”

“ಇಲ್ಲಮ್ಮ. ಎರಡೇ ಸೀಟು.”

“ಮೂರು ಜನ ಇರೋ ಮನೆಗೆ ಎರಡು ಸೀಟಿನ ಗಾಡಿ ತರ್ತಾರೇನೇ ಯಾರಾದ್ರೂ?” ಎಂದರು. ಆದರೂ ಒಳಗೆ ಹೋಗಿ ಅಂಗೈಯಗಲದ ಬುದ್ಧನ ಬೊಂಬೆ ತಂದು ಸ್ಟೀರಿಂಗ್ ಪಕ್ಕದಲ್ಲಿ ಅಂಟಿಸಿ, ಮುಂದೆ ಎರಡು ಸೇವಂತಿಗೆ ಇಟ್ಟರು. ಸೀಟಿನಲ್ಲಿ ಕೂರಲು ಮಾತ್ರ ಒಪ್ಪಲಿಲ್ಲ. “ಅಷ್ಟು ಕೆಳಗೆ ಕೂತ್ರೆ ನನ್ನ ಎತ್ತಕ್ಕೆ ಕ್ರೇನ್ ತರ್ಬೇಕು” ಎಂದರು. ಅಪ್ಪನೂ ಕೂರಲಿಲ್ಲ. ಅವರು ಕಾರಣ ಹೇಳಲೂ ಇಲ್ಲ.

ಮೊದಲ ವಾರ ನಾನು ನೆಲದ ಮೇಲಿರಲಿಲ್ಲ. ಬೆಳಿಗ್ಗೆ ಕ್ಯಾನ್ವಾಸ್ ಟಾಪು ಮಡಚಿ ಹಿಂದಕ್ಕೆ ಹಾಕಿ ಚಿಂತಾಮಣಿ ರಸ್ತೆಗಿಳಿದರೆ ಹಿಪ್ಪುನೇರಳೆ ತೋಟಗಳ ಹಸಿ ವಾಸನೆ ನೇರ ಮೂಗಿಗೆ ಬಡಿಯುತ್ತಿತ್ತು. ಅದೇ ದಾರಿಯಲ್ಲಿ ಎಷ್ಟೋ ವರ್ಷ ಬಸ್ಸಿನಲ್ಲಿ ಓಡಾಡಿದ್ದೆ. ಒಂದು ದಿನವೂ ಆ ವಾಸನೆ ಗೊತ್ತಾಗಿರಲಿಲ್ಲ. ಮೂರನೇ ಗೇರಿಗೆ ಹಾಕಿ ಆಕ್ಸಿಲರೇಟರ್ ಒತ್ತಿದರೆ ಬೆನ್ನು ಸೀಟಿಗೆ ಅಂಟಿಕೊಂಡು, ನಾನೊಬ್ಬಳೇ ಗಟ್ಟಿಯಾಗಿ ನಗುತ್ತಿದ್ದೆ.

ಎರಡನೇ ವಾರದಿಂದ ಅದರ ತಕರಾರುಗಳು ಒಂದೊಂದಾಗಿ ಹೊರಬಿದ್ದವು. ನಮ್ಮ ಕಡೆಯ ರಸ್ತೆಗಳಿಗೆ ಹಂಪು ಹಾಕಿದವರು ಇಂಥ ಗಾಡಿಯೊಂದು ಬರಬಹುದೆಂದು ಎಣಿಸಿರಲಿಲ್ಲ. ಓರೆಯಾಗಿ ಹತ್ತಿಸಿದರೂ ಕಾರಿನ ಹೊಟ್ಟೆ ಕರ್ರೆಂದು ಉಜ್ಜುತ್ತಿತ್ತು. ಹಾರ್ನು ಕೋಳಿಮರಿಯ ದನಿ. ಲಾರಿ ಪಕ್ಕ ನಿಂತರೆ ಅದರ ಚಕ್ರ ನನ್ನ ತಲೆಯ ಮಟ್ಟಕ್ಕಿರುತ್ತಿತ್ತು, ಡ್ರೈವರಿಗೆ ನಾನು ಕಾಣುತ್ತಲೇ ಇರಲಿಲ್ಲ. ಮಧ್ಯಾಹ್ನ ಹೊರಗೆ ನಿಲ್ಲಿಸಿದರೆ ಸೀಟು ಕಾದು ಕಾವಲಿಯಾಗುತ್ತಿತ್ತು. ಪೆಟ್ರೋಲ್ ಬಂಕಿಗೆ ಹೋದರೆ ಸುತ್ತ ಹತ್ತು ಜನ ಸೇರಿ “ಮೇಡಂ, ಮೈಲೇಜ್ ಎಷ್ಟು ಕೊಡ್ತದೆ?” ಎಂದು ಕೇಳಿ, ಉತ್ತರ ಕೇಳಿ ಮರುಗಿ ಹೋಗುತ್ತಿದ್ದರು.

ಎಲ್ಲಕ್ಕಿಂತ ದೊಡ್ಡ ತಲೆನೋವೆಂದರೆ ಆ ಟಾಪು. ಅದನ್ನು ಮುಂದಕ್ಕೆಳೆದು ಗಾಜಿನ ಚೌಕಟ್ಟಿಗೆ ಎರಡು ಕೊಕ್ಕೆ ಹಾಕಬೇಕಿತ್ತು. ಎಡಗಡೆಯ ಕೊಕ್ಕೆ ಮನಸ್ಸು ಬಂದರೆ ಸಿಕ್ಕಿಕೊಳ್ಳುತ್ತಿತ್ತು, ಇಲ್ಲದಿದ್ದರೆ ಇಲ್ಲ. ಬೆಂಗಳೂರಿನ ಶೋರೂಮಿಗೆ ಫೋನ್ ಮಾಡಿದಾಗಲೆಲ್ಲ “ಪಾರ್ಟ್ ಬರ್ತಾ ಇದೆ ಮೇಡಂ” ಎನ್ನುತ್ತಿದ್ದರು. ಆ ಪಾರ್ಟು ಕೊನೆಗೂ ಬರಲಿಲ್ಲ.

ಶ್ರಾವಣದಲ್ಲಿ ಗೌರಿಬಿದನೂರಿನಲ್ಲಿ ಅಪ್ಪನ ತಂಗಿ ಆಂಜಿನಮ್ಮನ ಮಗಳ ಮದುವೆಯಾಯಿತು. ನಾನು ಕಾರಿನಲ್ಲಿ ಹೋದೆ. ಅಪ್ಪ ಅಮ್ಮ ನೆಂಟರ ಜೊತೆ ಬಸ್ಸಿನಲ್ಲಿ ಬಂದರು. ಊಟ ಮುಗಿಸಿ ಹೊರಡುವಾಗ ಸೋದರತ್ತೆ ಅಪ್ಪನ ಕೈ ಹಿಡಿದು ಕಾರಿನವರೆಗೆ ಎಳೆದು ತಂದಳು.

“ಮಗಳು ಒಬ್ಬಳೇ ಹೋಗ್ಬೇಕಾ? ಕೂತ್ಕೋ ಅಣ್ಣಯ್ಯಾ. ಮದುವೆಗೆ ಬಂದೋರೆಲ್ಲಾ ನೋಡ್ತಾವ್ರೆ.”

ನೋಡುತ್ತಿದ್ದುದು ನಿಜ. ಅಪ್ಪ ಬೇರೆ ದಾರಿಯಿಲ್ಲದೆ ಇಸ್ತ್ರಿ ಮಾಡಿದ ಬಿಳಿ ಪಂಚೆ ಮೇಲೆತ್ತಿಕೊಂಡು, ಬಾವಿಗಿಳಿಯುವವರಂತೆ ಒಳಗಿಳಿದು ಕೂತರು. ತಾಂಬೂಲದ ಚೀಲ ಕಾಲ ಬಳಿ ಇಟ್ಟುಕೊಂಡರು. ಅಮ್ಮ ಉಳಿದವರ ಜೊತೆ ಆಗಲೇ ಬಸ್ಸು ಹತ್ತಿಯಾಗಿತ್ತು.

ಇಷ್ಟು ವರ್ಷ ಸ್ಟೀರಿಂಗ್ ಹಿಡಿದ ಮನುಷ್ಯನಿಗೆ ಎಡಗಡೆಯ ಸೀಟು ಹೊಸದು. ಎದುರಿಗೆ ಬಸ್ಸು ಬಂದರೆ ಅವರ ಬಲಗಾಲು ನೆಲದ ಮ್ಯಾಟನ್ನು ಬಲವಾಗಿ ಒತ್ತುತ್ತಿತ್ತು.

“ಬ್ರೇಕು ನನ್ನ ಹತ್ರ ಇದೆ ಅಪ್ಪ.”

“ಗೊತ್ತಮ್ಮ. ಕಾಲಿಗೆ ಗೊತ್ತಿಲ್ಲ.”

ಮಂಚೇನಹಳ್ಳಿ ಇನ್ನೂ ಸ್ವಲ್ಪ ದೂರವಿದೆ ಅನ್ನುವಾಗ ದೊಡ್ಡ ದೊಡ್ಡ ಹನಿ ಬೀಳತೊಡಗಿತು. ಬದಿಗೆ ನಿಲ್ಲಿಸಿ ಟಾಪು ಎಳೆದೆ. ಎಡಗಡೆಯ ಕೊಕ್ಕೆ ಹಟ ಹಿಡಿಯಿತು. ಒಂದೇ ಕೊಕ್ಕೆಯಲ್ಲಿ ಹೊರಟರೆ ಟಾಪು ಗಾಳಿಗೆ ಹರಿದುಹೋಗುತ್ತಿತ್ತು. ಮತ್ತೆ ಮಡಚಿ ಹಿಂದಕ್ಕೆ ಹಾಕಿದೆ. ಅಳು ಬರುವಂತಾಗಿತ್ತು.

“ನಿಲ್ಲಿಸ್ಬೇಡ ಕಣಮ್ಮ, ಓಡ್ಸು!” ಎಂದರು ಅಪ್ಪ. “ಜೋರಾಗಿ ಓಡ್ತಿದ್ರೆ ಮಳೆ ತಲೆ ಮೇಲಿಂದ ಹಾದೋಗ್ತದೆ. ಟಾಪಿಲ್ಲದ ಜೀಪಲ್ಲಿ ಎಷ್ಟು ಸಲ ನೋಡಿದ್ದೀನಿ!”

ಓಡಿಸಿದೆ. ಸ್ವಲ್ಪ ದೂರ ಅದು ನಿಜವೂ ಆಯಿತು. ಮಳೆ ಗಾಜಿಗೆ ಬಡಿದು ನಮ್ಮ ತಲೆ ಮೇಲಿಂದ ಹಾರಿ ಹಿಂದಕ್ಕೆ ಹೋಗುತ್ತಿತ್ತು. ಅಪ್ಪ “ನೋಡ್ದಾ? ನಾನ್ ಹೇಳ್ಲಿಲ್ವಾ?” ಎಂದು ಕೂಗಿದರು. ಹಾಗೆ ಕೂಗುತ್ತಿದ್ದಾಗಲೇ ಮುಂದೆ ಸಾಲಾಗಿ ನಿಂತ ಗಾಡಿಗಳು ಕಂಡವು. ಹುಣಸೆಮರದ ದೊಡ್ಡ ಕೊಂಬೆಯೊಂದು ಮುರಿದು ರಸ್ತೆಗೆ ಅಡ್ಡ ಬಿದ್ದಿತ್ತು. ಸಾಲಿನ ಕೊನೆಯಲ್ಲಿ ನಿಂತಿದ್ದುದು ಅಮ್ಮ ಇದ್ದ ಬಸ್ಸೇ. ಅದರ ಹಿಂದೆ ಹೋಗಿ ನಿಲ್ಲದೆ ಗತಿಯಿರಲಿಲ್ಲ.

ನಿಂತದ್ದೇ ತಡ, ಆಕಾಶವೇ ನಮ್ಮ ಮಡಿಲಿಗೆ ಬಿತ್ತು. ನೆನೆದು ಭಾರವಾದ ಟಾಪು ಎಳೆದರೂ ಮೇಲೇಳಲಿಲ್ಲ. ಅಪ್ಪನ ಜುಬ್ಬ ಮೈಗಂಟಿತು. ಕಾಲ ಬಳಿ ನೀರು ತುಂಬಿ ತಾಂಬೂಲದ ತೆಂಗಿನಕಾಯಿ ಚೀಲದಿಂದ ಹೊರಬಂದು ಅತ್ತಿಂದಿತ್ತ ತೇಲತೊಡಗಿತು. ಅಪ್ಪ ಅದನ್ನು ನೋಡಿದರು, ನನ್ನ ಮುಖ ನೋಡಿದರು, ನಗಲು ಶುರು ಮಾಡಿದರು. ಹೊಟ್ಟೆ ಹಿಡಿದುಕೊಂಡು, ಕೆಮ್ಮುತ್ತಾ, ಕಣ್ಣೊರೆಸಿಕೊಳ್ಳುತ್ತಾ ನಕ್ಕರು. ಅವರು ಹಾಗೆ ನಕ್ಕದ್ದನ್ನು ನಾನು ನೋಡೇ ಇರಲಿಲ್ಲ. ಮನೆಯಲ್ಲಿ ಅವರು ಮುಗುಳ್ನಗುವವರು, ಅಷ್ಟೆ.

ಬಸ್ಸಿನ ಹಿಂದಿನ ಬಾಗಿಲ ಪಕ್ಕದ ಕಿಟಕಿಯ ಷಟರ್ ಮೇಲೆದ್ದಿತು. ಅಮ್ಮನ ಮುಖ ಕಾಣಿಸಿತು. ಒಳಗಿದ್ದ ಹೆಂಗಸರೆಲ್ಲ ಬಗ್ಗಿ ಬಗ್ಗಿ ನೋಡಿ ನಗುತ್ತಿದ್ದರು. ಅಮ್ಮ ನಗಲಿಲ್ಲ. ಸ್ವಲ್ಪ ಹೊತ್ತು ಅಪ್ಪನನ್ನೇ ನೋಡುತ್ತಿದ್ದು, ಆಮೇಲೆ ಎದ್ದು ಬಾಗಿಲಿಗೆ ಬಂದು, ರೇಷ್ಮೆ ಸೀರೆಯಲ್ಲೇ ಮಳೆಗಿಳಿದರು.

“ಏಳಿ ಮೇಲೆ” ಎಂದರು ಅಪ್ಪನ ಪಕ್ಕ ಬಂದು ನಿಂತು. “ನಾನು ಕೂತ್ಕೋತೀನಿ.”

“ನಿಂಗೇನಾಯ್ತೇ? ಮದುವೆ ಸೀರೆ, ನೆನೀತದೆ.”

“ನೆನೀಲಿ. ಏಳಿ ಅಂದ್ನಲ್ಲ.”

ಕಂಡಕ್ಟರ್ ಇಳಿದು ಬಂದು ಅಪ್ಪನ ಎರಡೂ ಕೈ ಹಿಡಿದು ಮೇಲೆತ್ತಿದ. ಅಪ್ಪ ನೀರು ಸುರಿಸುತ್ತಾ ಬಸ್ಸು ಹತ್ತಿದರು. ಅಮ್ಮ ಸೆರಗು ಸೊಂಟಕ್ಕೆ ಸಿಕ್ಕಿಸಿ, ಒಂದು ಕೈ ನನ್ನ ಹೆಗಲ ಮೇಲೂರಿ ದೊಪ್ಪನೆ ಕೂತರು. ತೆಂಗಿನಕಾಯಿಯನ್ನು ತೆಗೆದು ಮಡಿಲಲ್ಲಿಟ್ಟುಕೊಂಡರು.

ಕೊಂಬೆ ಕಡಿದು ದಾರಿ ಬಿಡುವ ಹೊತ್ತಿಗೆ ಮಳೆ ಸಣ್ಣದಾಗಿತ್ತು. ಮಂಚೇನಹಳ್ಳಿ ದಾಟುತ್ತಿದ್ದಂತೆ ಅಮ್ಮ ಸೆರಗಿನ ತುದಿ ಹಿಂಡಿದರು. ಆಮೇಲೆ, “ಹಿಂಗೆ ಕೂತು ಎಷ್ಟು ವರ್ಷ ಆಯ್ತೋ” ಎಂದರು.

“ಯಾವಾಗಮ್ಮ ಕೂತಿದ್ದೆ?”

“ಮದುವೆ ಆದ ಹೊಸದರಲ್ಲಿ. ನಾನು ಸಾದಲೀಲಿ ತವರು ಮನೇಲಿದ್ದೆ. ಇವ್ರು ಕ್ಯಾಂಪ್ ಮುಗಿಸ್ಕೊಂಡು ಖಾಲಿ ಜೀಪು ತರ್ತಾ ಇದ್ರು. ಜೀಪಿನ ಟಾಪು ಹೊಲಿಯಕ್ಕೆ ಕೊಟ್ಟಿದ್ರಂತೆ, ಮೇಲೆ ಏನೂ ಇರ್ಲಿಲ್ಲ. ಹತ್ತೇ ಅಂದ್ರು, ಮುಂದಿನ ಸೀಟಲ್ಲಿ ಕೂತೆ. ದಿಬ್ಬೂರಹಳ್ಳಿವರೆಗೂ ಇವ್ರು ನಗಿಸ್ತಾನೇ ಇದ್ರು. ಇವತ್ತು ನಕ್ರಲ್ಲ, ಹಂಗೇ ನಗೋರು ಕಣೇ ಆಗ.”

“ಆಮೇಲೆ?”

“ಯಾರೋ ಆಫೀಸಿಗೆ ಹೋಗಿ ಹೇಳಿದ್ರು. ಬೇರೆ ಡ್ರೈವರುಗಳ ಹೆಂಡ್ತೀರೆಲ್ಲಾ ಸಂತೆಗೆ ಜೀಪಲ್ಲೇ ಹೋಗ್ತಿದ್ರು, ಅವ್ರನ್ನ ಯಾರೂ ಕೇಳ್ತಿರ್ಲಿಲ್ಲ. ಮೆಮೊ ಬಂದಿದ್ದು ಇವ್ರೊಬ್ಬರಿಗೇ. ದೊಡ್ಡ ಸಾಹೇಬ್ರು ಎಲ್ಲರ ಮುಂದೆ ನಿಲ್ಲಿಸ್ಕೊಂಡು, ‘ನಿಮ್ಮೋರಿಗೂ ಜೀಪಲ್ಲಿ ಮೆರವಣಿಗೆ ಬೇಕಾ’ ಅಂದ್ರಂತೆ. ಅವತ್ತು ಊಟ ಮಾಡ್ಲಿಲ್ಲ. ನಮ್ಮನೇಲಿ ಯಾರೂ ಆ ಗಾಡಿ ಮುಟ್ಕೂಡ್ದು ಅಂದ್ರು. ನಗೋದನ್ನೂ ಅಲ್ಲಿಗೇ ಬಿಟ್ರು.”

ನಾನು ರಸ್ತೆಯನ್ನೇ ನೋಡುತ್ತಾ ಓಡಿಸಿದೆ. ಬಾನೆಟ್ಟಿನ ಮೇಲೆ ಕೈಯಿಟ್ಟದ್ದಕ್ಕೆ ಬೈದರೆಂದು ಎಷ್ಟು ದಿನ ಮುನಿಸಿಕೊಂಡಿದ್ದೆನೋ. ಚಿಕ್ಕಬಳ್ಳಾಪುರದ ದೀಪಗಳು ಕಾಣುವಾಗ ಅಮ್ಮ ಮೆಲ್ಲಗೆ ಹೇಳಿದರು: “ಒಂದ್ಸಲ ಇವ್ರು ಓಡಿಸ್ಬೇಕು, ನಾನು ಪಕ್ಕದಲ್ಲಿ ಕೂತ್ಕೋಬೇಕು. ನಾನ್ ಕೇಳಲ್ಲ. ನೀನೇ ಏನಾದ್ರೂ ಮಾಡು.”

ಮುಂದಿನ ಭಾನುವಾರ ಬೆಳಿಗ್ಗೆ ಕಾರಿನ ಕೀ ತಂದು ಅಪ್ಪನ ಮುಂದಿಟ್ಟೆ.

“ಎಡಗಡೆ ಚಕ್ರದಲ್ಲಿ ಏನೋ ಸದ್ದು ಬರ್ತಿದೆ ಅಪ್ಪ. ನಂಗೆ ಗೊತ್ತಾಗ್ತಿಲ್ಲ. ನೀನೇ ಒಂದು ರೌಂಡು ಓಡಿಸಿ ನೋಡು. ಎಡಗಡೆ ಭಾರ ಇದ್ರೇನೇ ಸದ್ದು ಬರೋದು, ಅಮ್ಮನ್ನೂ ಕೂರಿಸ್ಕೋ.”

ಅಪ್ಪ ಕೀ ನೋಡಿದರು, ಅಮ್ಮನನ್ನು ನೋಡಿದರು. ಅಮ್ಮ ಆಗಲೇ ತಲೆ ಬಾಚಿ, ಹೂ ಮುಡಿದು, ಸೆರಗು ಹೊದ್ದು ಬಾಗಿಲಲ್ಲಿ ನಿಂತಿದ್ದರು. ಸದ್ದು ಪರೀಕ್ಷೆ ಮಾಡಲು ಯಾರೂ ಹೂ ಮುಡಿಯುವುದಿಲ್ಲವೆಂಬುದು ಅಪ್ಪನಿಗೆ ತಿಳಿಯದೇ ಇರುತ್ತದೆಯೇ? ಎದ್ದು ಒಳಗೆ ಹೋಗಿ ಬಿಳಿ ಷರ್ಟು ಹಾಕಿಕೊಂಡು ಬಂದರು. ನಾನು ಟಾಪು ಮಡಚಿ ಕೊಟ್ಟೆ. ಕಾರು ಬೀದಿಯ ತಿರುವಿನಲ್ಲಿ ಎತ್ತಿನ ಗಾಡಿಯಷ್ಟೇ ಹುಷಾರಾಗಿ ತಿರುಗಿ ದಿಬ್ಬೂರಹಳ್ಳಿ ರಸ್ತೆ ಹಿಡಿಯಿತು. ಪಕ್ಕದ ಮನೆ ಶ್ಯಾಮಲಮ್ಮ ಕಸಬರಿಗೆ ಹಿಡಿದುಕೊಂಡೇ ಬಾಯಿಬಿಟ್ಟು ನೋಡಿದರು.

ಮಧ್ಯಾಹ್ನ ಊಟಕ್ಕೆ ಅವರು ಬರಲಿಲ್ಲ. ಸಾರು ಬಿಸಿ ಮಾಡಿದೆ, ಆರಿತು. ಮತ್ತೆ ಬಿಸಿ ಮಾಡಿದೆ. ಇಬ್ಬರ ಹತ್ತಿರವೂ ಮೊಬೈಲ್ ಇರಲಿಲ್ಲ. ಆ ಕಾರಿನ ಎಲ್ಲ ಕುಂದುಗಳೂ ಸಾಲಾಗಿ ನೆನಪಾಗಿ, ಬಸ್ಸು ಹಿಡಿದು ಹುಡುಕಿಕೊಂಡು ಹೋಗಲೇ ಎಂದು ಬಾಗಿಲಿಗೆ ಬೀಗ ಹಾಕುತ್ತಿದ್ದೆ. ಅಷ್ಟರಲ್ಲಿ ಬೀದಿ ತುದಿಯಲ್ಲಿ ಕೋಳಿಮರಿಯ ಕೂಗು ಕೇಳಿಸಿತು.

ಕಾರು ಕೆಮ್ಮಣ್ಣಿನ ಧೂಳಿನಲ್ಲಿ ಮುಳುಗಿ ಎದ್ದಂತಿತ್ತು. ಅಪ್ಪ ಇಳಿದು ಬಾಗಿಲು ಹಾಕಿ, “ಎಡಗಡೆ ಏನೂ ಸದ್ದಿಲ್ಲ” ಎಂದರು. “ನಿನ್ನ ಕಿವಿ ಯಾರಿಗಾದ್ರೂ ತೋರ್ಸು.”

ಅಮ್ಮ ಕಾರಿನಲ್ಲೇ ಕೂತು ಹೇಳತೊಡಗಿದರು. “ಸಾದಲಿವರೆಗೂ ಹೋಗಿದ್ವಿ ಕಣೇ. ವಾಪಸ್ ಬರ್ತಾ ದಿಬ್ಬೂರಹಳ್ಳಿ ಹಂಪಿನ ಮೇಲೆ ಗಾಡಿ ಕೂತ್ಕಂಬಿಡ್ತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ.”

“ನಾನು ಓರೆಯಾಗೇ ಹತ್ತಿಸ್ದೆ” ಎಂದರು ಅಪ್ಪ.

“ಎಲ್ಲಿ ಓರೆ? ನನ್ನ ಜೊತೆ ಮಾತಾಡ್ತಾ ನೆಟ್ಟಗೆ ಹತ್ತಿಸಿದ್ರಿ. ನಾನು ಇಳೀತೀನಿ, ಹಗುರ ಆಗ್ತದೆ ಅಂದೆ. ಹೋಟ್ಲು ಕೊಂಡಪ್ಪ ಓಡಿ ಬಂದ. ‘ಅಯ್ಯೋ, ಜೀಪು ಡ್ರೈವರಣ್ಣ! ಏಮಣ್ಣಾ ಇದಿ, ಗಾಡಿನಾ ಆಟದ ಸಾಮಾನಾ? ಅಕ್ಕ ನೀವು ಇಳೀಬೇಡಿ, ಕೂತಿರಿ’ ಅಂದ. ಏಳೆಂಟು ಜನ ಸೇರ್ಕೊಂಡು ನಾನು ಕೂತಂಗೇ ಎತ್ತಿ ಆಚೆಗಿಟ್ರು! ನಾನು ನಗ್ತಾ ನಗ್ತಾ...” ಅಮ್ಮನಿಗೆ ಮತ್ತೆ ನಗು ಬಂದು ಮಾತು ನಿಂತಿತು. ಆಮೇಲೆ ಹೇಳಿದರು: “ಹೋಟ್ಲೊಳಗೆ ಕೂರಿಸಿ ಟೀ ಕೊಟ್ಟ. ಎಲ್ರಿಗೂ ಕೊಡೋ ಲೋಟದಲ್ಲೇ.”

ಅಪ್ಪ ಜೀಪು ಓಡಿಸುತ್ತಿದ್ದ ಕಾಲದಲ್ಲಿ ಆ ಕಡೆಯ ಎಷ್ಟೋ ಹೋಟೆಲುಗಳಲ್ಲಿ ನಮ್ಮ ಜಾತಿಯವರಿಗೆ ಬೇರೆ ಲೋಟವಿರುತ್ತಿತ್ತು, ಹೊರಗೆ ನಿಂತು ಕುಡಿದು ತೊಳೆದಿಟ್ಟು ಬರಬೇಕಿತ್ತು. ಮನೆಯಲ್ಲಿ ಅವರು ಅದನ್ನು ಎಂದೂ ಹೇಳಿರಲಿಲ್ಲ. ನನಗೆ ಹೇಳಿದ್ದು ಅಮ್ಮ.

“ಟೀ ಚೆನ್ನಾಗಿರ್ಲಿಲ್ಲ” ಎಂದರು ಅಪ್ಪ. “ಸಕ್ಕರೆ ಜಾಸ್ತಿ.” ಹಾಗೆಂದು ಬಕೆಟ್ಟು, ಬಟ್ಟೆ ತಂದು, ನಾನು ಬೇಡವೆಂದರೂ ಕೇಳದೆ ಕಾರು ಒರೆಸಲು ನಿಂತರು.

ಆ ವರ್ಷದ ಭಾನುವಾರಗಳೆಲ್ಲ ಅವರಿಬ್ಬರವೇ ಆದವು. ಕಾರು ಐದು ವರ್ಷ ನಮ್ಮಲ್ಲಿತ್ತು. ಬಿಡಿಭಾಗ ಸಿಗದೆ ಕೊಟ್ಟುಬಿಟ್ಟೆವು. ಅಪ್ಪನೂ ಈಗಿಲ್ಲ. ಅಂಥ ಕಾರು ಎಲ್ಲಾದರೂ ಕಂಡರೆ ನಾನು ಓಡಿಸಿದ್ದಕ್ಕಿಂತ ಹೆಚ್ಚಾಗಿ ಆ ಮೊದಲ ಭಾನುವಾರದ ಸಂಜೆಯೇ ಕಣ್ಣಿಗೆ ಕಟ್ಟುತ್ತದೆ. ಅಪ್ಪ ಒರೆಸುತ್ತಿದ್ದರು. ಅಮ್ಮನನ್ನು ಎರಡೂ ಕೈ ಹಿಡಿದು ಮೇಲೆತ್ತಿ ಜಗುಲಿಯ ಮೇಲೆ ಕೂರಿಸಿದೆ. ಗಾಳಿಗೆ ಕೂದಲೆಲ್ಲ ಸಿಕ್ಕುಸಿಕ್ಕಾಗಿ ಮಣ್ಣು ತುಂಬಿಕೊಂಡಿತ್ತು. ಎಣ್ಣೆ, ಬಾಚಣಿಗೆ ತಂದು ಹಿಂದೆ ಕೂತು ಒಂದೊಂದೇ ಎಳೆ ಬಿಡಿಸತೊಡಗಿದೆ. “ಮೆಲ್ಲಗೆ ಕಣೇ” ಎಂದರು ಅಮ್ಮ. ಸ್ವಲ್ಪ ಹೊತ್ತಿಗೆ ಕೂತಲ್ಲೇ ತೂಕಡಿಸತೊಡಗಿದರು.