ಪಾಷಾ ಸಾಬರಿಗೆ ಕೇಳದ ಸದ್ದು

ತುಮಕೂರಿನ ಗುಬ್ಬಿ ಗೇಟಿನ ಹತ್ತಿರ ಸರ್ದಾರ್ ಪಾಷಾನ ಶೆಡ್ಡಿತ್ತು. ಬೋರ್ಡಿಲ್ಲ, ಹೆಸರಿಲ್ಲ. ಮೇಲೆ ತಗಡು, ಕೆಳಗೆ ಎಣ್ಣೆ ಕುಡಿದು ಕಪ್ಪಾದ ಮಣ್ಣು. ಆದರೂ ಕುಣಿಗಲ್, ಗುಬ್ಬಿ, ನಿಟ್ಟೂರು ಕಡೆ ಜೀಪು ಇಟ್ಟವರೆಲ್ಲ ಹುಡುಕಿಕೊಂಡು ಬರುತ್ತಿದ್ದುದು ಅಲ್ಲಿಗೇ. ಬೇರೆ ಶೆಡ್ಡಿನವರು ಕಾಯಿಲೆ ಎಲ್ಲಿದೆ ಅಂತ ತಿಳಿಯುವ ಮೊದಲೇ ಅರ್ಧ ಗಾಡಿ ಬಿಚ್ಚಿ ಗೋಣಿಚೀಲದ ಮೇಲೆ ಹರಡುತ್ತಿದ್ದರು. ಪಾಷಾ ಹಾಗಲ್ಲ. ಗಾಡಿ ಹತ್ತಿ ಕೂತು, ಟೋಪಿ ಸರಿಮಾಡಿಕೊಂಡು, "ನಡಿ" ಅನ್ನುತ್ತಿದ್ದ. ಹೆಗ್ಗೆರೆ ತನಕ ಹೋಗಿ ಬರುವಷ್ಟರಲ್ಲಿ ಬೆರಳು ಮಾಡಿ, "ಅಗೋ, ಅಲ್ಲಿ" ಅಂದುಬಿಡುತ್ತಿದ್ದ. ಬಿಚ್ಚಿ ನೋಡಿದರೆ ಅಲ್ಲೇ ಇರುತ್ತಿತ್ತು. ಕಿವಿಗೊಟ್ಟು ಕೇಳದೆ ಜಾಕಿ ಮುಟ್ಟುವುದಿಲ್ಲ ಎನ್ನುವುದು ಅವನ ಜಂಭ. ಅನ್ನವೂ ಅದರಿಂದಲೇ ಹುಟ್ಟುತ್ತಿತ್ತು.

ಅಂಥವನ ಕಿವಿ ಹೋಗುತ್ತಿತ್ತು ನೋಡಿ! ಒಂದೇ ಸಲ ಹೋಗಿದ್ದರೆ ಊರಿಗೆಲ್ಲ ಗೊತ್ತಾಗುತ್ತಿತ್ತು, ಅವನೂ ಬೇರೆ ದಾರಿ ನೋಡಿಕೊಳ್ಳುತ್ತಿದ್ದ. ಹಾಳಾದ್ದು, ಕಳ್ಳನ ಹಾಗೆ ಹೋಗುತ್ತಿತ್ತು. ಎದುರು ನಿಂತು ಆಡಿದ ಮಾತಿಗೆ ತೊಂದರೆ ಇರಲಿಲ್ಲ. ಸಣ್ಣ ಸದ್ದುಗಳು ಮಾತ್ರ ಒಂದೊಂದಾಗಿ ಕೈಬಿಟ್ಟಿದ್ದವು. ಒಲೆಯ ಮೇಲೆ ಹಾಲು ಉಕ್ಕುವುದು, ಪಕ್ಕದ ಮನೆ ಮಗುವಿನ ಗೆಜ್ಜೆ, ದೂರದ ಮಸೀದಿಯ ಅಜಾನ್. ಎದುರಿನ ಟೈಲರ್ ಜಹೀರ್ ಅಹಮದ್ ಮೆಷಿನ್ ನಿಲ್ಲಿಸಿ ಟೋಪಿ ಹಾಕಿಕೊಳ್ಳುವುದನ್ನು ಕಂಡು ಇವನೂ ಕೈತೊಳೆಯಲು ಏಳುತ್ತಿದ್ದ. ಹೆಂಡತಿ ಮೆಹರ್ ಬಾನುಗೆ ವಿಷಯ ಗೊತ್ತಿತ್ತು. ಡಾಕ್ಟರಿಗೆ ತೋರಿಸಿ ಎಂದು ಒಮ್ಮೆ ಬಾಯಿ ಬಿಟ್ಟಿದ್ದಕ್ಕೆ ಊಟದ ತಟ್ಟೆ ತಳ್ಳಿ ಎದ್ದುಹೋಗಿದ್ದ. ಆಮೇಲೆ ಅವಳು ಆ ಸುದ್ದಿ ಎತ್ತಲಿಲ್ಲ. ಸುಮ್ಮನೆ ತನ್ನ ದನಿ ಜೋರು ಮಾಡಿಕೊಂಡಳು.

ಎಪ್ಪತ್ತೊಂಬತ್ತನೇ ಇಸವಿಯ ಮಳೆಗಾಲ ಮುಗಿಯುತ್ತ ಬಂದಾಗ ಗುಬ್ಬಿಯ ಕಂಟ್ರಾಕ್ಟರ್ ಚನ್ನಬಸವಯ್ಯನವರ ಜೀಪು ಸರ್ವಿಸಿಗೆ ಬಂತು. ಅವರಿಗೆ ಕುಣಿಗಲ್ ಆಚೆ ಮಾರ್ಕೋನಹಳ್ಳಿಯಲ್ಲಿ ನಾಲೆ ರಿಪೇರಿಯ ಕೆಲಸ. ನಾಲೆ ಏರಿಯ ಕೆಸರಿನಲ್ಲಿ ನಾಲ್ಕು ಚಕ್ರಕ್ಕೂ ಎಂಜಿನ್ ಜೋರು ಕೊಟ್ಟು ಓಡಿಸಿ ಓಡಿಸಿ ಮುಂದಿನ ಚಕ್ರಗಳ ನಡುವೆ ಬೇರಿಂಗ್ ಕೂರುವ ಹಬ್ಬುಗಳಿಗೆ ನೀರು ಹೊಕ್ಕಿತ್ತು. ಗ್ರೀಸೆಲ್ಲ ಮಜ್ಜಿಗೆಯಂತಾಗಿತ್ತು. ತಂದವನು ಡ್ರೈವರ್ ಅಂಜಿನಪ್ಪ, ನಿಟ್ಟೂರಿನವನು. ಬರುವಾಗಲೆಲ್ಲ ಮೆಹರ್ ಬಾನುಗೆ ಅಂತ ಎರಡು ತೆಂಗಿನಕಾಯಿ ಸೀಟಿನ ಕೆಳಗೆ ಇಟ್ಟುಕೊಂಡೇ ಬರುವ ಮನುಷ್ಯ.

ಪಾಷಾನ ಅಕ್ಕನ ಮಗ ಮಕ್ಸೂದ್ ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು, ಒಣಗಿಸಿ, ಹೊಸ ಗ್ರೀಸ್ ತುಂಬಿ ಜೋಡಿಸಿದ. ಕಡೆಯ ನಟ್ಟು ಮಾತ್ರ ಆ ಶೆಡ್ಡಿನಲ್ಲಿ ಪಾಷಾನ ಕೈಯದೇ. ಬೇರೆಯವರು ನಟ್ಟನ್ನು ಪೂರಾ ಬಿಗಿದು, ಇಷ್ಟು ಅಂತ ಲೆಕ್ಕ ಹಿಡಿದು ಹಿಂದಕ್ಕೆ ಸಡಿಲ ಬಿಡುತ್ತಾರೆ. ಇವನು ಎಡಗೈಯಲ್ಲಿ ಚಕ್ರ ತಿರುಗಿಸುತ್ತ ಬಲಗೈಯಲ್ಲಿ ಬಿಗಿಯುತ್ತಿದ್ದ. ಹಬ್ಬಿನೊಳಗಿಂದ ಸುಂಯ್ ಎಂದು ಕೂದಲೆಳೆಯಷ್ಟು ಸದ್ದು ಹುಟ್ಟಿದ ಕೂಡಲೇ ನಿಲ್ಲಿಸಿ, ಆ ಸದ್ದು ಸಾಯುವವರೆಗೆ ಮಾತ್ರ ಸಡಿಲ ಮಾಡುತ್ತಿದ್ದ. ಇಷ್ಟು ವರ್ಷ ಅದೇ ಅವನ ಅಳತೆ.

ಅವತ್ತು ಎಡಗಡೆ ಚಕ್ರ ಹೇಗೋ ಆಯಿತು. ಬಲಗಡೆಯದರಲ್ಲಿ ಸದ್ದು ಬರಲೇ ಇಲ್ಲ. ಪಾಷಾ ಬಿಗಿದ. ಕಾದ. ಮತ್ತೆ ಬಿಗಿದ. ಸದ್ದು ಯಾವಾಗಲೋ ಬಂದಿತ್ತು ಕಣ್ರೀ, ಇವನಿಗೆ ಕೇಳಿರಲಿಲ್ಲ ಅಷ್ಟೇ! ಚಕ್ರ ಭಾರವಾಗಿ ಕೈಗೆ ತಡೆಯತೊಡಗಿದಾಗ ಅಂದಾಜಿನಲ್ಲಿ ಒಂದಿಷ್ಟು ಹಿಂದಕ್ಕೆ ತಿರುಗಿಸಿದ. ಇನ್ನೂ ಬಿಗಿ ಇದೆ ಅಂತ ಅವನ ಕೈ ಹೇಳುತ್ತಲೇ ಇತ್ತು. ಮಕ್ಸೂದ್ ನೋಡುತ್ತ ನಿಂತಿದ್ದ. ಹೊಸ ಕಸಬಿನವನ ಥರ ಬಿಗಿದು ಬಿಚ್ಚಿ ಮಾಡುತ್ತ ಕೂರುವುದಕ್ಕೆ ನಾಚಿಕೆಯಾಗಿ, ನಟ್ಟು ಅಲುಗದಂತೆ ತಗಡಿನ ಬಿಲ್ಲೆ ಮಡಿಸಿ, "ಮುಚ್ಚು" ಅಂದುಬಿಟ್ಟ.

ವಾರ ಕಳೆಯುವ ಮೊದಲೇ ಜೀಪು ವಾಪಸ್ ಬಂತು. ಈ ಸಲ ಚನ್ನಬಸವಯ್ಯನವರೂ ಜೊತೆಗಿದ್ದರು.

"ಸಾಬ್ರೆ, ಬಲಗಡೆ ಮುಂದ್ಲ ಚಕ್ರದಾಗೆ ಏನೋ ಸಣ್ಣಗೆ ಅಳ್ತೈತೆ," ಅಂದ ಅಂಜಿನಪ್ಪ. "ಸ್ಪೀಡ್ ಹೋದಂಗೆಲ್ಲ ಜಾಸ್ತಿ ಆಯ್ತದೆ."

ಚನ್ನಬಸವಯ್ಯನವರು ಪಕ್ಕದ ಟೀ ಅಂಗಡಿಯ ಬೆಂಚಿನ ಮೇಲೆ ಕೂತಿದ್ದ ನಾಲ್ಕು ಜನಕ್ಕೂ ಕೇಳುವಂತೆ ನಕ್ಕರು. "ಏನ್ ಪಾಷಾ ಸಾಬ್ರೆ, ನೀವ್ ಕೇಳಿ ಕಳ್ಸಿದ್ ಗಾಡೀನೂ ಸದ್ದು ಮಾಡ್ತದೆ ಅಂದ್ರೆ ಏನ್ ಸಮಾಚಾರ? ಕಿವಿಗಿವಿ ಮಂದ ಆಯ್ತಾ?"

ಅವರು ತಮಾಷೆಗೆ ಅಂದದ್ದು. ಕಪಾಳಕ್ಕೆ ಹೊಡೆದಂತೆ ಪಾಷಾನ ಮುಖಕ್ಕೆ ರಕ್ತ ನುಗ್ಗಿತು. "ನಡೀಲಾ ಅಂಜಿನಪ್ಪ, ನೋಡಾನ," ಎಂದು ಹತ್ತಿ ಕೂತ.

ಹೆಗ್ಗೆರೆ ರಸ್ತೆಯಲ್ಲಿ ಜೀಪು ಓಡಿತು. ಪಾಷಾ ತಲೆ ಹೊರಗೆ ಹಾಕಿ ಕಿವಿಗೊಟ್ಟ. ಗಾಳಿ, ಎಂಜಿನ್ನಿನ ಗುಡುಗು, ಅಷ್ಟೇ. ಮುಂದಿನ ಚಕ್ರಗಳಿಗೆ ಜೋರು ಕೊಡುವ ಲಿವರ್ ಹಾಕಿಸಿದ, ತೆಗೆಸಿದ. ಏನೂ ಇಲ್ಲ. ಎಡಕ್ಕೆ ಎಳೆ ಅಂದ, ಬಲಕ್ಕೆ ಎಳೆ ಅಂದ. ಎಡಕ್ಕೆ ಎಳೆದರೆ ಗಾಡಿಯ ತೂಕ ಬಲ ಚಕ್ರದ ಮೇಲೆ ಬೀಳುತ್ತದೆ, ಬಲ ಹಬ್ಬಿನ ಸದ್ದು ಏರುತ್ತದೆ. ಪಾಷಾಗೆ ಸದ್ದು ಕೇಳಲಿಲ್ಲ. ಆದರೆ ಎಡಕ್ಕೆ ಎಳೆದಾಗಲೆಲ್ಲ ಅಂಜಿನಪ್ಪನ ಹುಬ್ಬು ಗಂಟಾಗುವುದು ಕಂಡಿತು. ಬಲಕ್ಕೆ ಎಳೆದಾಗ ಬಿಚ್ಚಿಕೊಳ್ಳುತ್ತಿತ್ತು. ಸದ್ದಿದೆ ಎಂಬುದು ಅವನಿಗೆ ಅಲ್ಲೇ ಗೊತ್ತಾಯಿತು. ಯಾವ ಚಕ್ರದಲ್ಲಿ ಎಂಬುದೂ, ಯಾಕೆ ಎಂಬುದೂ ಗೊತ್ತಾಯಿತು.

ಶೆಡ್ಡಿಗೆ ಬಂದು ಇಳಿದರು. ಮಕ್ಸೂದ್ ಮುಂದೆ ಬಂದು ಮೆಲ್ಲಗೆ ಕೇಳಿದ, "ಮಾಮು, ಜಾಕಿ ಹಾಕ್ಲಾ?"

ಪಾಷಾನ ಕೈ ತಾನಾಗಿಯೇ ಹಬ್ಬಿನ ಕಡೆ ಹೋಗಿತ್ತು. ಬಿಗಿಯಾದ ಹಬ್ಬು ಓಡಿದ ಮೇಲೆ ಸುಡುತ್ತದೆ. ಅಂಗೈ ಇಟ್ಟರೆ ಸಾಕು, ಕಿವಿ ಬೇಕಿಲ್ಲ. ಆದರೆ ಮುಟ್ಟಿದರೆ ಬಿಚ್ಚಬೇಕು, ಬಿಚ್ಚಿದರೆ ಇಷ್ಟು ಹೊತ್ತು ಯಾಕೆ ಕೇಳಲಿಲ್ಲ ಅಂತ ಹೇಳಬೇಕು. ಬೆಂಚಿನವರೆಲ್ಲ ಇವನನ್ನೇ ನೋಡುತ್ತಿದ್ದರು. ಚನ್ನಬಸವಯ್ಯನವರ ತುಟಿಯ ಮೇಲೆ ಆ ನಗು ಇನ್ನೂ ಇತ್ತು. ಕೈ ಹಿಂದಕ್ಕೆ ತೆಗೆದುಕೊಂಡು ಪಂಚೆಗೆ ಒರೆಸಿಕೊಂಡ.

"ಯಾವ್ ಜಾಕಿನೋ? ಅದೇನ್ ಹಬ್ಬಿನ ಸದ್ದೇನ್ಲಾ? ಕೆಸರಿನ ಟೈರು, ಹಲ್ಲು ದಪ್ಪ. ಟಾರ್ ರೋಡಲ್ಲಿ ಕೂಗ್ತೈತೆ. ಹಬ್ಬಲ್ಲಿ ಏನೂ ಇಲ್ಲ."

"ಏನೂ ಇಲ್ವಾ?" ಅಂದ ಅಂಜಿನಪ್ಪ.

"ನಂಗೆ ಕೇಳ್ದೇ ಇರೋ ಸದ್ದು ನಿಂಗ್ ಕೇಳ್ತದೇನ್ಲಾ?"

ಬೆಂಚಿನವರು ಹೋ ಎಂದು ನಕ್ಕರು. ಅಂಜಿನಪ್ಪನೂ ತಲೆ ಕೆರೆದುಕೊಂಡು ನಕ್ಕ. "ಹಂಗಾರೆ ನಂದೇ ಭ್ರಮೆ ಬುಡಿ ಸಾಬ್ರೆ." ಸೀಟಿನ ಕೆಳಗಿಂದ ತೆಂಗಿನಕಾಯಿ ತೆಗೆದು ಮಕ್ಸೂದನ ಕೈಗೆ ಕೊಟ್ಟು, ಗಾಡಿ ತಿರುಗಿಸಿಕೊಂಡು ಹೋದ.

ಆ ಸಂಜೆ ಪಾಷಾ ಊಟಕ್ಕೆ ಕೂತು ಅನ್ನ ಕಲಸಿ ಕಲಸಿ ಬಿಟ್ಟ. ಮಕ್ಸೂದ್ ಗೋಡೆ ನೋಡಿಕೊಂಡು ಹೇಳಿದ, "ಮಾಮು, ಸದ್ದಿತ್ತು. ನಂಗೂ ಕೇಳ್ತು." ಬೈಗುಳ ಬರುತ್ತದೆ ಅಂತ ಹೆದರಿಕೊಂಡೇ ಅಂದಿದ್ದ. ಬೈಗುಳ ಬರಲಿಲ್ಲ. ಬೆಳಿಗ್ಗೆ ಎದ್ದಾಗ ಮಾಮು ಸ್ಪಾನರುಗಳನ್ನು ಚೀಲಕ್ಕೆ ತುಂಬುತ್ತಿದ್ದ. ಜೀಪಿನಲ್ಲಿ ಒಂದು ಸ್ಪಾನರ್ ಮರೆತಿದ್ದೇನೆ, ತರುತ್ತೇನೆ ಅಂತ ಮೆಹರ್ ಬಾನುಗೆ ಹೇಳಿ ಕುಣಿಗಲ್ ಬಸ್ಸು ಹತ್ತಿದ. ಮಾರ್ಕೋನಹಳ್ಳಿಗೆ ಹೋಗಿ, ಯಾರೂ ಇಲ್ಲದಾಗ ಜಾಕಿ ಏರಿಸಿ, ನಟ್ಟು ಸಡಿಲ ಮಾಡಿ ಬರುವುದು ಅವನ ಲೆಕ್ಕ. ಅಂಜಿನಪ್ಪ ಕೇಳಿದರೆ ಏನಾದರೊಂದು ಹೇಳಿದರಾಯಿತು.

ಹೆಬ್ಬೂರು ದಾಟಿದ ಮೇಲೆ ಎದುರಿನಿಂದ ಮಣ್ಣು ಹೊರುವ ಲಾರಿಯೊಂದು ದೂಳೆಬ್ಬಿಸಿಕೊಂಡು ಬಂತು. ಹಿಂದುಗಡೆ ನಾಲ್ಕೈದು ಆಳುಗಳು ನಿಂತು ಬೆಡ್‌ಶೀಟೊಂದನ್ನು ನೆರಳಿಗೆ ಎತ್ತಿ ಹಿಡಿದಿದ್ದರು. ಪಾಷಾ ಅದನ್ನು ನೋಡಿದ, ಏನೂ ಅನ್ನಿಸಲಿಲ್ಲ. ಮನಸ್ಸಿನಲ್ಲಿ ನಟ್ಟನ್ನು ಹಿಂದಕ್ಕೆ ತಿರುಗಿಸುತ್ತಿದ್ದ.

ಕುಣಿಗಲ್ ಬಸ್‌ಸ್ಟ್ಯಾಂಡಿನಲ್ಲಿ ಇಳಿದಾಗ ಚನ್ನಬಸವಯ್ಯನವರ ಕೆಲಸದ ಮೇಸ್ತ್ರಿ ಜುಂಜಪ್ಪ ತುಮಕೂರಿನ ಬಸ್ಸಿಗೆ ಕಾಯುತ್ತಿದ್ದ. ಇವನನ್ನು ಕಂಡವನೇ ಓಡಿಬಂದು ಕೈ ಹಿಡಿದುಕೊಂಡ.

"ಸಾಬ್ರೆ, ಆಗ್ಲೇ ಗೊತ್ತಾಗೋಯ್ತಾ? ಬೆಳಿಗ್ಗೆ ಮುಂಚೇನೇ ಏರಿ ಮ್ಯಾಲೆ ಬಲಗಡೆ ಚಕ್ರ ಗಕ್ ಅಂತ ಕಚ್ಕಂಬುಡ್ತು. ಜೀಪು ನಾಲೆಗೆ ಮಗುಚ್ಕಂತು. ಅಂಜಿನಪ್ಪನ ಬಲಗಾಲು ಅಡೀಗೆ ಸಿಕ್ತು. ತುಮಕೂರಿಗೆ ಲಾರೀಲಿ ಕಳ್ಸಿದೀವಿ, ದಾರೀಲಿ ಕಾಣ್ಲಿಲ್ವಾ?"

ಕಂಡಿತ್ತು. ಪಾಷಾ ಚೀಲ ಕೆಳಗಿಟ್ಟು ಅಲ್ಲೇ ಕಲ್ಲಿನ ಮೇಲೆ ಕೂತುಬಿಟ್ಟ. ಯಾ ಅಲ್ಲಾ, ಯಾ ಅಲ್ಲಾ ಅನ್ನುವುದು ಬಿಟ್ಟು ಬೇರೇನೂ ಬಾಯಿಗೆ ಬರಲಿಲ್ಲ. ಪಾಪ, ಸಾಬರಿಗೆ ಎಷ್ಟು ಕರುಳು ಅಂದುಕೊಂಡ ಜುಂಜಪ್ಪ ಸೋಡಾ ತಂದುಕೊಟ್ಟ.

ಅದೇ ಬಿಸಿಲಿನಲ್ಲಿ ಪಾಷಾ ಮಾರ್ಕೋನಹಳ್ಳಿಗೆ ಹೋದ. ಜೀಪು ನಾಲೆಯಲ್ಲಿ ಮಗ್ಗುಲಾಗಿ ಬಿದ್ದಿತ್ತು. ನೀರಿಗಿಳಿದು, ಯಾರಿಗೂ ಕಾಯದೆ ಹಬ್ಬು ಬಿಚ್ಚಿದ. ಬೇರಿಂಗಿನ ಉರುಳೆಗಳು ಕಾದು ನೀಲಿಯಾಗಿ, ಒಂದಕ್ಕೊಂದು ಅಂಟಿಕೊಂಡಿದ್ದವು. ಗ್ರೀಸು ಸುಟ್ಟು ಇದ್ದಲಾಗಿತ್ತು. ಆ ಬೇರಿಂಗನ್ನು ಅಂಗೈಯಲ್ಲಿ ಹಿಡಿದುಕೊಂಡು ನೀರಿನಲ್ಲೇ ತುಂಬಾ ಹೊತ್ತು ನಿಂತಿದ್ದ. ನಿನ್ನೆ ಇದೇ ಕೈಯನ್ನು ಒಂದು ಗೇಣು ಮುಂದೆ ಚಾಚಿದ್ದರೆ ಆಗುತ್ತಿತ್ತು.

ತುಮಕೂರಿನ ಆಸ್ಪತ್ರೆಯಲ್ಲಿ ಅಂಜಿನಪ್ಪನ ಕಾಲನ್ನು ಮಂಡಿಯ ಮೇಲಕ್ಕೆ ತೆಗೆದರು. ಪಾಷಾ ದಿನಾ ಗೇಟಿನ ತನಕ ಹೋಗಿ ವಾಪಸ್ ಬರುತ್ತಿದ್ದ. ಒಳಗೆ ಹೋಗಲು ಧೈರ್ಯ ಬಂದದ್ದು, ರೋಗಿ ಎದ್ದು ಕೂತಿದ್ದಾನೆ ಅಂತ ಮಕ್ಸೂದ್ ಹೇಳಿದ ಮೇಲೆ. ಮೂಸಂಬಿ ಚೀಲ ಹಿಡಿದು ವಾರ್ಡಿಗೆ ಹೋದ. ಮಂಚದ ಪಕ್ಕ ಅಂಜಿನಪ್ಪನ ಹೆಂಡತಿ ರಂಗಮ್ಮ ನೆಲದ ಮೇಲೆ ಕೂತಿದ್ದಳು. ಹೊದಿಕೆ ಒಂದು ಕಡೆ ಉಬ್ಬಿತ್ತು, ಇನ್ನೊಂದು ಕಡೆ ಚಪ್ಪಟೆಯಾಗಿತ್ತು. ಪಾಷಾ ಆ ಕಡೆ ನೋಡದೆ ನಿಂತ.

"ಬನ್ನಿ ಸಾಬ್ರೆ, ಕೂತ್ಕಳಿ," ಅಂದ ಅಂಜಿನಪ್ಪ. ಬಾಡಿಹೋಗಿದ್ದ, ಆದರೂ ಗೆಲುವಾಗಿ ಮಾತಾಡಲು ನೋಡುತ್ತಿದ್ದ. "ಧಣಿಗಳು ಮೊದ್ಲು ನಿಮ್ಮನ್ನೇ ಬೈದ್ರಂತೆ. ನಾನು ಬುಡ್ಲಿಲ್ಲ. ಪಾಷಾ ಸಾಬ್ರು ಕೇಳಿ ಇಲ್ಲ ಅಂದ್ರೆ ಇಲ್ಲ ಅಂದೆ. ಇದು ಏರಿ ಮ್ಯಾಲೆ ಆಮ್ಯಾಕೆ ಆಗಿರೋದು ಅಂದೆ. ಅವ್ರೂ ಒಪ್ಕಂಡ್ರು."

ಪಾಷಾ ಮೂಸಂಬಿ ಚೀಲವನ್ನು ಮಂಚದ ತುದಿಯಲ್ಲಿಟ್ಟ.

"ನನ್ ಕಿವಿಗೇ ಏನೋ ಬಂದೈತೆ ಸಾಬ್ರೆ," ಎಂದು ಅಂಜಿನಪ್ಪ ಮುಂದುವರಿಸಿದ. "ನೀವು ಇಲ್ಲ ಅಂದ್ಮ್ಯಾಲೂ ಕುಣಿಗಲ್ ತಂಕ ಆ ಸದ್ದು ನಂಗೆ ಕೇಳ್ತಾನೇ ಇತ್ತು. ಇಳ್ದು ನೋಡಾನ ಅನ್ಸೋದು, ಥೂ ನಿನ್ ಭ್ರಮೆ ಅಂತ ನನ್ನ ನಾನೇ ಬೈಕಂಡು ಓಡ್ಸಿದೆ. ಇದೊಂದು ವಾಸಿ ಆಗ್ಲಿ, ಕಿವಿ ಡಾಕ್ಟ್ರಿಗೆ ತೋರಿಸ್ಕಬೇಕು."

ಇನ್ನು ತಡೆಯಲಾಗಲಿಲ್ಲ. "ನಿನ್ ಕಿವಿ ಚೆನ್ನಾಗೈತೆ ಕಣೋ!" ಪಾಷಾನ ದನಿ ಅವನಿಗೇ ತಿಳಿಯದಷ್ಟು ಜೋರಾಗಿತ್ತು. ವಾರ್ಡಿನ ತಲೆಗಳೆಲ್ಲ ಇತ್ತ ತಿರುಗಿದವು. "ಹೋಗಿರೋದು ನಂದು. ನಂಗೆ ಕೇಳ್ಸಲ್ಲ ಅಂಜಿನಪ್ಪ, ವರ್ಷದಿಂದ ಕೇಳ್ಸಲ್ಲ. ನಟ್ಟು ಬಿಗಿ ಮಾಡಿದ್ದು ನಾನೇ. ಅವತ್ತು ಸದ್ದೈತೆ ಅಂತ ನಿನ್ ಮುಖ ನೋಡೇ ಗೊತ್ತಾಗಿತ್ತು."

ಅಂಜಿನಪ್ಪ ನಿಧಾನವಾಗಿ ತಲೆ ಅಲ್ಲಾಡಿಸಿದ. "ಬುಡಿ ಸಾಬ್ರೆ. ನನ್ ಸಮಾಧಾನಕ್ಕೆ ಅಂತ ಏನೇನೋ ಮೈಮ್ಯಾಲೆ ಎಳ್ಕಬ್ಯಾಡಿ. ನಿಮ್ ಕಿವಿ ನಂಗೊತ್ತಿಲ್ವಾ?" ಹಾಗೆಂದು ದಿಂಬಿಗೆ ಒರಗಿ ಕಣ್ಣು ಮುಚ್ಚಿಕೊಂಡ.

ಅವನು ನಂಬಲಿಲ್ಲ. ಆದರೆ ರಂಗಮ್ಮ ನಂಬಿದ್ದಳು. ನೆಲದಿಂದ ಎದ್ದು ಪಾಷಾನ ಎದುರಿಗೆ ಬಂದು ನಿಂತಳು. ಅಳಲಿಲ್ಲ, ಕಿರುಚಲಿಲ್ಲ. ಗಂಡನಿಗೆ ಎಚ್ಚರವಾಗದಂತೆ ತಗ್ಗಿದ ದನಿಯಲ್ಲಿ ಕೇಳಿದಳು.

"ಈ ಮಾತ ಅವತ್ತೇ ಯಾಕೆ ಹೇಳ್ಲಿಲ್ಲ?"

ಎದುರೇ ನಿಂತು ಆಡಿದ ಮಾತು, ಪಾಷಾಗೆ ಅಕ್ಷರ ಅಕ್ಷರವೂ ಕೇಳಿಸಿತು. ಆದರೂ ಇಷ್ಟು ದಿನ ಲೋಕದಿಂದ ಮುಚ್ಚಿಟ್ಟ ಕಿವುಡಿನ ಹಿಂದೆಯೇ ಈಗ ಹೋಗಿ ಅಡಗಿಕೊಂಡ. ಕಿವಿಗೆ ಕೈ ಅಡ್ಡ ಹಿಡಿದು, "ಏನಮ್ಮಾ? ಕೇಳ್ಸಲಿಲ್ಲ," ಅಂದ.

ರಂಗಮ್ಮ ಇನ್ನೂ ಹತ್ತಿರ ಬಂದು, ವಾರ್ಡಿಗೆಲ್ಲ ಕೇಳುವಂತೆ ಅದನ್ನೇ ಮತ್ತೆ ಕೇಳಿದಳು.