ಪುಂಡಿಯ ಶಾಕವ್ರತ

ಆಷಾಢದ ಏಕಾದಶಿ ಬಂತೆಂದರೆ ಕಲ್ಯಾಣಪುರದ ರಮಾಮಣಿ ಟೀಚರ ಮನೆಯ ಹೊಸ್ತಿಲನ್ನು ಒಂದು ತಿಂಗಳು ತರಕಾರಿಯ ಸಿಪ್ಪೆಯೂ ದಾಟುವಂತಿಲ್ಲ. ಚಾತುರ್ಮಾಸ್ಯದ ಮೊದಲ ತಿಂಗಳು ಶಾಕವ್ರತ. ಸೊಪ್ಪಿಲ್ಲ, ಕಾಯಿಪಲ್ಲೆ ಇಲ್ಲ. ಅನ್ನ, ಹೆಸರುಬೇಳೆ, ಮೊಸರು, ಕಾಳುಮೆಣಸಿನ ಸಾರು, ಮುಗಿಯಿತು. ಉಡುಪಿಯ ಕಡೆ ಈ ವ್ರತ ಹಿಡಿಯುವ ಮನೆಗಳು ಬೇಕಾದಷ್ಟಿವೆ. ಮನೆಯಲ್ಲಿ ವ್ರತ ಹಿಡಿದು ಪೇಟೆಯಲ್ಲಿ ಮಸಾಲೆದೋಸೆ ತಿಂದು ಬಾಯಿ ಒರೆಸಿಕೊಂಡು ಬರುವವರೂ ಇದ್ದಾರೆ, ಆ ಮಾತು ಬೇಡ. ಹೇಳುವುದು ಆಚಾರ, ತಿನ್ನುವುದು ಬದನೆಕಾಯಿ ಎಂಬ ಗಾದೆಯನ್ನು ರಮಾಮಣಿಗೆ ಮಾತ್ರ ಹಾಕುವಂತಿರಲಿಲ್ಲ. ಅವಳು ನಿಜಕ್ಕೂ ಬದನೆಕಾಯಿ ಮುಟ್ಟುವವಳಲ್ಲ. ಅದೇ ತೊಂದರೆಯಾಯಿತು ನೋಡಿ.

ಈ ವರ್ಷ ಮನೆಯಲ್ಲಿ ಪುಂಡಿ ಇತ್ತು. ಆರನೇ ಕ್ಲಾಸಿನ ಮಗಳು ಅನ್ವಿತಾಳ ಹುಟ್ಟುಹಬ್ಬಕ್ಕೆಂದು ಮಣಿಪಾಲದಿಂದ ತಂದ ಗಿನಿಪಿಗ್. ಬೆಳ್ಳಗೆ, ದುಂಡಗೆ, ಹಬೆಯಲ್ಲಿ ಬೇಯಿಸಿದ ಅಕ್ಕಿಯ ಉಂಡೆ, ಪುಂಡಿಯ ಹಾಗೆಯೇ ಇದ್ದುದರಿಂದ ಆ ಹೆಸರು. ಕೊತ್ತಂಬರಿ ಕಟ್ಟಿನ ಕಾಗದ ಸರಸರ ಎಂದರೆ ಸಾಕು, ಚಾವಡಿಯ ಮೂಲೆಯಿಂದ ಕುಂಯ್ ಕುಂಯ್ ಎಂದು ಮನೆಯನ್ನೇ ತಲೆಯ ಮೇಲೆ ಹೊತ್ತುಕೊಳ್ಳುತ್ತಿತ್ತು.

ಏಕಾದಶಿಯ ದಿನ ರಮಾಮಣಿ ಅದರ ಕ್ಯಾರೆಟ್ಟು, ಸೊಪ್ಪು ನಿಲ್ಲಿಸಿದಳು. ಅಂಗಡಿಯಿಂದ ತಂದ ತಿಂಡಿಯ ಪೊಟ್ಟಣದ ಹಿಂದೆ ಇರುವೆಯಂಥ ಅಕ್ಷರದಲ್ಲಿ ತರಕಾರಿ ಪುಡಿ ಎಂದಿದ್ದುದನ್ನು ಓದಿ ಅದನ್ನೂ ಅಟ್ಟಕ್ಕೆ ಹಾಕಿದಳು. ಅಂಗಳದ ಹುಲ್ಲು ಕೊಡೋಣ ಎಂದರೆ ಮಳೆಗಾಲದ ಹಸಿಹುಲ್ಲು ಹೊಟ್ಟೆ ಕೆಡಿಸುತ್ತದೆ ಎಂದಳು. ಉಳಿದದ್ದು ಒಣಹುಲ್ಲು, ನೆನೆಸಿದ ಹೆಸರುಕಾಳು, ಒಂದು ಮುಷ್ಟಿ ಅವಲಕ್ಕಿ.

ಗಂಡ ಅನಂತೇಶ ಪೌರೋಹಿತ್ಯ ಮಾಡುವವನು. ಶಾಸ್ತ್ರ ಅವನಿಗೆ ತಿಳಿದಷ್ಟು ಇವಳಿಗೆ ತಿಳಿಯದು. "ವ್ರತ ಮನುಷ್ಯರಿಗೆ ಮಾರಾಯ್ತಿ," ಎಂದ. "ಚಾತುರ್ಮಾಸ್ಯ ಅಂತ ದನಕ್ಕೆ ಹುಲ್ಲು ಹಾಕದೆ ಇರ್ತಾರಾ?"

"ದನ ಹಟ್ಟಿಯಲ್ಲಿರ್ತದೆ. ಇದು ಚಾವಡಿಯಲ್ಲಿ ಉಂಟು. ಇದಕ್ಕೋಸ್ಕರ ನಾನು ಅಡುಗೆಮನೆಯಲ್ಲಿ ಕೊತ್ತಂಬರಿ ಹೆಚ್ಚುತ್ತಾ ಕೂರಬೇಕಾ?"

ಅನಂತೇಶ ಹೆಗಲಿನ ಶಾಲು ಸರಿಮಾಡಿಕೊಂಡು ಹೊರಟುಹೋದ. ಹೆಂಡತಿಯೊಂದಿಗೆ ವಾದಿಸಿ ಗೆದ್ದ ನೆನಪು ಅವನಿಗಿರಲಿಲ್ಲ.

ಶನಿವಾರ ಭಜನೆಗೆ ಬಂದ ಹೆಂಗಸರ ಮುಂದೆ ರಮಾಮಣಿ ಪುಂಡಿಯನ್ನು ಎತ್ತಿ ತೋರಿಸಿದಳು. "ನಮ್ಮ ಮನೆಯಲ್ಲಿ ಇದಕ್ಕೂ ಶಾಕವ್ರತ, ಗೊತ್ತುಂಟಾ?"

ಭಜನೆ ಹೇಳಿಕೊಡುವ ಕುಶಲಾ ಕೆನ್ನೆ ಕೆನ್ನೆ ಬಡಿದುಕೊಂಡಳು. "ಅಯ್ಯೋ ಪುಣ್ಯಾತ್ಗಿತ್ತಿ! ಮುಂದಿನ ಜನ್ಮದಲ್ಲಿ ಇದು ಭಟ್ರ ಮನೆಯಲ್ಲೇ ಹುಟ್ತದೆ, ಬರೆದಿಟ್ಟುಕೊಳ್ಳಿ."

ಎಲ್ಲರೂ ನಕ್ಕರು. ರಮಾಮಣಿಗೆ ಆ ನಗು ಎಷ್ಟು ಹಿತವಾಯಿತೆಂದರೆ, ಸೋಮವಾರ ಶಾಲೆಯ ಸ್ಟಾಫ್ ರೂಮಿನಲ್ಲಿಯೂ ಅದನ್ನೇ ಹೇಳಿದಳು. ಹೈಸ್ಕೂಲಿನಲ್ಲಿ ಅವಳು ಕಲಿಸುವುದು ವಿಜ್ಞಾನ. ಇದನ್ನು ಮರೆಯಬೇಡಿ, ಮುಂದೆ ಬೇಕಾಗುತ್ತದೆ.

ವ್ರತದ ನಡುವೆ ಎಲ್ಲೂರಿನಲ್ಲಿ ಅನಂತೇಶನ ಅಣ್ಣನ ಮನೆಯ ಪೂಜೆ ಬಂತು. ಎರಡು ರಾತ್ರಿ ಪುಂಡಿಯನ್ನು ಪಕ್ಕದ ಮನೆಯ ಲೀನಾ ಬಾಯಿಯ ಬಳಿ ಬಿಟ್ಟರು. ಲೀನಾಳ ಗಂಡ ಲೂಯಿಸ್ ಮಸ್ಕತ್ತಿನಲ್ಲಿದ್ದಾನೆ. ಮನೆಯಲ್ಲಿ ಅವಳು, ನಾಲ್ಕು ಕೋಳಿಗಳು, ಹಿತ್ತಲಲ್ಲಿ ಒಂದು ಪೇರಳೆ ಮರ. ಎರಡೂ ಮನೆಗಳ ಅಡುಗೆಮನೆಯ ಕಿಟಕಿಗಳು ಎದುರುಬದುರು. ಲೀನಾ ಒಣಮೀನು ಸುಡಲು ತೊಡಗಿದರೆ ಇತ್ತ ರಮಾಮಣಿಯ ಕಿಟಕಿ ದಡಾರನೆ ಮುಚ್ಚಿಕೊಳ್ಳುತ್ತಿತ್ತು. ಹತ್ತು ಹನ್ನೆರಡು ವರ್ಷದಿಂದ ನಡೆದುಬಂದ ಪದ್ಧತಿ. ಅದರ ಬಗ್ಗೆ ಇಬ್ಬರೂ ಒಂದು ಮಾತು ಆಡಿದವರಲ್ಲ.

ಎಲ್ಲೂರಿನಿಂದ ಬಂದು ಎರಡು ದಿನಕ್ಕೆ ಅನ್ವಿತಾ ಕೂಗಿಕೊಂಡಳು. ಪುಂಡಿ ಹಿಂಗಾಲುಗಳನ್ನು ಎಳೆಯುತ್ತಿತ್ತು. ಟೈಲ್ಸಿನ ಮೇಲೆ ಕಾಲು ಎರಡೂ ಕಡೆ ಜಾರಿ ಹೊಟ್ಟೆ ನೆಲಕ್ಕೆ ತಾಗುತ್ತಿತ್ತು. ಮುಟ್ಟಿದರೆ ಕಿರುಚಿತು.

"ಮೊದಲೂ ಸ್ವಲ್ಪ ಮೆಲ್ಲ ನಡೀತಿತ್ತಮ್ಮ," ಎಂದಳು ಅನ್ವಿತಾ.

"ಮೊದಲು ಎಂತ ಇರಲಿಲ್ಲ. ಅಲ್ಲಿ ಬೀಳಿಸಿದ್ದಾರೆ." ರಮಾಮಣಿ ಸೀದಾ ಕಂಪೌಂಡು ಗೋಡೆಯ ಬಳಿ ಹೋಗಿ ನಿಂತಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ.

"ಬಿದ್ದದ್ದಾದರೆ ಹೇಳಿಬಿಡಿ ಲೀನಾ ಬಾಯಿ. ನಾವು ಎಂತ ಮಾಡುವುದಿಲ್ಲ."

"ಇಲ್ಲ ಟೀಚರ್," ಎಂದಳು ಲೀನಾ. ಕೋಳಿಗಳಿಗೆ ಹಾಕಲು ತಂದ ಅಕ್ಕಿ ಕೈಯಲ್ಲಿ ಹಾಗೇ ಇತ್ತು. "ನನ್ನ ಗೊತ್ತಿನಲ್ಲಿ ಬೀಳಲಿಲ್ಲ."

"ನಿಮಗೆ ಗೊತ್ತಾಗದೆ ಬಿದ್ದಿರಬಹುದು. ಮತ್ತೆ, ನಿಮ್ಮ ಮನೆಯ ಊಟ ಅದಕ್ಕೆ ಆಗ್ಲಿಕ್ಕಿಲ್ಲ. ನಾನು ಕಾಳು ಕೊಟ್ಟಿದ್ದೆನಲ್ಲ, ಅದನ್ನೇ ಹಾಕಬಹುದಿತ್ತು."

ಲೀನಾಳ ಮುಖ ಬಿಳಿಚಿತು. ಅವಳು ಅಕ್ಕಿಯನ್ನು ಅಲ್ಲೇ ಚೆಲ್ಲಿ ಒಳಗೆ ಹೋದಳು. ತಪ್ಪು ಮಾಡಿದವರ ಮುಖವೇ ಹಾಗೆ ಎಂದು ರಮಾಮಣಿ ರಾತ್ರಿ ಗಂಡನಿಗೆ ಹೇಳಿದಳು. ಆಮೇಲೆ ಲೀನಾಳ ಕಿಟಕಿಯಿಂದ ಒಣಮೀನಿನ ವಾಸನೆ ಬರುವುದೂ ನಿಂತಿತು. ಈಗಲಾದರೂ ನಮ್ಮ ವ್ರತಕ್ಕೆ ಮರ್ಯಾದೆ ಕೊಡುವ ಬುದ್ಧಿ ಬಂತಲ್ಲ ಎಂದು ರಮಾಮಣಿ ಮನಸ್ಸಿನಲ್ಲೇ ಸಂತೋಷಪಟ್ಟಳು. ಸಂತೋಷ! ಈ ಮಾತನ್ನು ನೆನೆದರೆ ಅವಳಿಗೆ ಇವತ್ತಿಗೂ ಕಿವಿ ಬಿಸಿಯಾಗುತ್ತದೆ.

ಎಣ್ಣೆ ತಿಕ್ಕಿದ್ದಾಯಿತು, ಬಿಸಿಬಟ್ಟೆಯ ಶಾಖ ಕೊಟ್ಟದ್ದಾಯಿತು. ಪುಂಡಿ ದಿನದಿಂದ ದಿನಕ್ಕೆ ಕುಗ್ಗಿತು. ಅನ್ವಿತಾ ಊಟ ಬಿಟ್ಟು ಕುಳಿತ ಮೇಲೆ ಅದನ್ನು ಬುಟ್ಟಿಯಲ್ಲಿಟ್ಟುಕೊಂಡು ಮಣಿಪಾಲದ ಪ್ರಾಣಿಗಳ ಕ್ಲಿನಿಕ್ಕಿಗೆ ಹೋದರು. ಒಳಗೆ ಡಾಕ್ಟರು ಎದ್ದು ನಿಂತು ಕೈಮುಗಿದಳು.

"ಟೀಚರ್! ನಾನು ಪ್ರಿಯಂವದಾ. ಗುರುತು ಸಿಕ್ಕಿತಾ? ಕೊನೆಯ ಬೆಂಚಿನವಳು."

ಸಿಗದೆ ಏನು! ಬೆಲ್ ಹೊಡೆದ ಮೇಲೂ ಪ್ರಶ್ನೆ ಕೇಳುತ್ತಿದ್ದ ಹುಡುಗಿ. ರಮಾಮಣಿಗೆ ಹೆಮ್ಮೆಯಾಯಿತು. ಕಾಂಪೌಂಡರನಿಗೂ, ನಾಯಿ ಹಿಡಿದುಕೊಂಡು ಕಾಯುತ್ತಿದ್ದವರಿಗೂ ಕೇಳುವಂತೆ ಪ್ರಿಯಂವದಾ, "ನನಗೆ ವಿಜ್ಞಾನದ ಹುಚ್ಚು ಹಿಡಿಸಿದ್ದೇ ಇವರು," ಎಂದಳು.

ಅವಳು ಪುಂಡಿಯ ಕಾಲಿನ ಗಂಟುಗಳನ್ನು ಮೆಲ್ಲನೆ ಒತ್ತಿದಳು, ಬಾಯಿ ತೆರೆದು ವಸಡು ನೋಡಿದಳು. ಎಕ್ಸ್‌ರೇ ತೆಗೆಸಿದಳು. ಮೂಳೆ ಎಲ್ಲಿಯೂ ಮುರಿದಿರಲಿಲ್ಲ.

"ಬಿದ್ದದ್ದಲ್ಲ ಟೀಚರ್. ಇದಕ್ಕೆ ತಿನ್ನಲಿಕ್ಕೆ ಎಂತ ಕೊಡ್ತಾ ಇದ್ದೀರಿ? ಸೊಪ್ಪು, ತರಕಾರಿ ದಿನಾ ಉಂಟಲ್ಲ?"

ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ರಮಾಮಣಿಯ ಕೈ ಸೆರಗಿಗೆ ಹೋಯಿತು. ಕ್ಷಣಮಾತ್ರದಲ್ಲಿ ಅವಳಿಗೆ ಎಲ್ಲವೂ ಹೊಳೆದುಬಿಟ್ಟಿತು. ಸಿ ಜೀವಸತ್ವ. ಹಡಗಿನ ನಾವಿಕರು, ಊದಿದ ಗಂಟುಗಳು, ರಕ್ತ ಒಸರುವ ವಸಡು, ಲಿಂಬೆಹಣ್ಣು. ವರ್ಷ ವರ್ಷ ಕರಿಹಲಗೆಯ ಮೇಲೆ ಬರೆದದ್ದು, ಪರೀಕ್ಷೆಗೆ ಬಂದೇ ಬರುತ್ತದೆ ಎಂದು ಗುರುತು ಹಾಕಿಸಿದ್ದು. ಮನುಷ್ಯರಂತೆ ಗಿನಿಪಿಗ್ಗಿನ ದೇಹವೂ ಅದನ್ನು ತಾನಾಗಿ ತಯಾರಿಸಲಾರದು ಎಂದು ಈ ಪ್ರಿಯಂವದಾಳಿಗೆ ತಾನೇ ಹೇಳಿಕೊಟ್ಟಿದ್ದಳು.

"ಉಂಟು," ಎಂದಳು ರಮಾಮಣಿ. "ಕ್ಯಾರೆಟ್ಟು, ಕೊತ್ತಂಬರಿ, ಎಲ್ಲ ಕೊಡ್ತೇವೆ."

ಅನ್ವಿತಾ ತಲೆಯೆತ್ತಿ ತಾಯಿಯನ್ನು ನೋಡಿದಳು.

ಪ್ರಿಯಂವದಾ ಹುಬ್ಬು ಗಂಟಿಕ್ಕಿದಳು. ಟೀಚರ ಮಾತನ್ನು ಸಂಶಯಪಡುವುದು ಅವಳಿಗೆ ತಿಳಿಯದು. "ನಾನು ಸ್ಕರ್ವಿ ಅಂತಲೇ ಗ್ರಹಿಸಿದ್ದೆ. ಅದಾದರೆ ಔಷಧಿ ಉಂಟು, ಎದ್ದು ಓಡಾಡ್ತದೆ. ಸೊಪ್ಪು ತಿಂದೂ ಹೀಗಾದದ್ದಾದರೆ ಬೆನ್ನಿನ ನರದ್ದೇ ಇರಬೇಕು. ಅದಕ್ಕೆ ನನ್ನ ಹತ್ತಿರ ಎಂತ ಇಲ್ಲ ಟೀಚರ್. ನೋವಿಗೆ ಕೊಡ್ತೇನೆ. ನೋವು ತಡೆಯದಿದ್ದರೆ ಮತ್ತೆ..." ಅನ್ವಿತಾಳನ್ನು ನೋಡಿ ಮಾತು ನಿಲ್ಲಿಸಿದಳು.

ಹೊರಗಿನ ಬೆಂಚಿನಲ್ಲಿ ತಾಯಿ ಮಗಳು ನೋವಿನ ಔಷಧಿಗಾಗಿ ಕಾದರು. ಬುಟ್ಟಿ ಅನ್ವಿತಾಳ ತೊಡೆಯ ಮೇಲಿತ್ತು. ಅವಳು ಅಳುತ್ತಿದ್ದಳು, ಸದ್ದಿಲ್ಲದೆ. ಆಮೇಲೆ ತಾಯಿಯ ಕಿವಿಯ ಬಳಿ ಬಾಗಿ, "ಅಮ್ಮ, ನಾನು ಯಾರಿಗೂ ಹೇಳುವುದಿಲ್ಲ," ಎಂದಳು.

ನೆಲ ಬಾಯಿಬಿಟ್ಟಿದ್ದರೆ ರಮಾಮಣಿ ಆಗಲೇ ಇಳಿದುಬಿಡುತ್ತಿದ್ದಳು. ತನ್ನ ಮಾನ ಉಳಿಸಲು ಮಗು ತನ್ನ ಪುಂಡಿಯನ್ನು ಸಾಯಲು ಬಿಡುತ್ತಿದೆ. ಇದಕ್ಕಿಂತ ಕೀಳಾಗಲು ಯಾವ ತಾಯಿಗೆ ಸಾಧ್ಯ? ಅವಳು ಎದ್ದಳು. ಒಳಗೆ ಯಾರದೋ ನಾಯಿಗೆ ಇಂಜೆಕ್ಷನ್ ಕೊಡುತ್ತಿದ್ದರು. ಕಾಯಲಿಲ್ಲ.

"ಪ್ರಿಯಂವದಾ, ನಾನು ಹೇಳಿದ್ದು ಸುಳ್ಳು. ನಮಗೆ ಶಾಕವ್ರತ. ಇದಕ್ಕೂ ಹಿಡಿಸಿದ್ದೆ. ಒಂದು ಎಲೆ ಕೊಡಲಿಲ್ಲ ನಾನು."

ಪ್ರಿಯಂವದಾ ನಗುತ್ತಾಳೆ, ಇಲ್ಲವೇ ಬೈಯುತ್ತಾಳೆ ಎಂದು ರಮಾಮಣಿ ಎಣಿಸಿದ್ದಳು. ಎರಡೂ ಇಲ್ಲ. ಅವಳು ನೆಲ ನೋಡಿದಳು. ಟೀಚರ ಪರವಾಗಿ ತಾನೇ ನಾಚಿಕೊಂಡವಳ ಹಾಗೆ ನೋಡಿದಳು. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಸಿ ಜೀವಸತ್ವದ ಹನಿ ಕೊಟ್ಟಳು. ಸೂಜಿಯಿಲ್ಲದ ಸಿರಿಂಜಿನಲ್ಲಿ ಬಾಯಿಯ ಬದಿಯಿಂದ ಹಾಕಬೇಕು. ದೊಣ್ಣೆಮೆಣಸು, ಕೊತ್ತಂಬರಿ, ಪೇರಳೆ ದಿನವೂ ಬೇಕು. ಟೈಲ್ಸಿನ ಮೇಲೆ ಕಾಲು ಜಾರದಂತೆ ಹಳೆಯ ಬಟ್ಟೆ ಮಡಚಿ ಹಾಸಬೇಕು, ಒದ್ದೆಯಾದ ಕೂಡಲೇ ಬದಲಿಸಬೇಕು, ನೀರಿನ ತಟ್ಟೆ ಬಾಯಿಗೆ ಎಟಕುವಂತಿಡಬೇಕು. "ತಡವಾಗಿದೆ ಟೀಚರ್. ಆದರೂ ಅಷ್ಟು ದಿನ ಎಂತ ಸಿಗದೆ ಇಷ್ಟು ಜೀವ ಉಳಿದದ್ದೇ ಆಶ್ಚರ್ಯ. ನಡುವೆ ಯಾರಾದರೂ ಎಂತಾದರೂ ಹಾಕಿದ್ರಾ?"

ಆ ಪ್ರಶ್ನೆಗೆ ಉತ್ತರ ರಮಾಮಣಿಗೆ ಸಿಕ್ಕಿದ್ದು ಸಂಜೆ, ಲೀನಾಳ ಜಗಲಿಯಲ್ಲಿ. ಇಷ್ಟು ವರ್ಷ ಗೋಡೆಯ ಬಳಿ ನಿಂತು ಮಾತಾಡಿದವಳು ಅಂದು ಗೇಟು ತೆಗೆದು ಒಳಗೆ ಹೋದಳು.

"ನಿಮ್ಮ ತಪ್ಪು ಎಂತ ಇಲ್ಲ ಲೀನಾ ಬಾಯಿ. ಅದು ಬಿದ್ದದ್ದಲ್ಲ. ನಾನು ಸೊಪ್ಪು ಕೊಡದೆ ಹಾಗಾದದ್ದು. ನಿಮ್ಮ ಮೇಲೆ ಹಾಕಿದೆ. ನನ್ನ ನಾಲಗೆಗೆ ಬುದ್ಧಿ ಇರಲಿಲ್ಲ."

ಲೀನಾ ಕೈಯಲ್ಲಿದ್ದ ಮೊರವನ್ನು ಕೆಳಗಿಟ್ಟಳು.

"ಹಾಗಾದರೆ ನಾನು ಬೀಳಿಸಲಿಲ್ವಾ ಟೀಚರ್?"

"ಇಲ್ಲ."

"ಮಧ್ಯಾಹ್ನ ಸೋಫಾದಲ್ಲಿ ಮಡಿಲಲ್ಲಿಟ್ಟುಕೊಂಡಿದ್ದೆ. ಸ್ವಲ್ಪ ಕಣ್ಣು ಹತ್ತಿತ್ತು. ನೀವು ಕಲಿತವರು, ನೀವು ಹೇಳಿದ ಮೇಲೆ ಆವಾಗಲೇ ಬಿದ್ದಿರಬೇಕು ಅಂತ ಎಣಿಸಿದೆ." ಲೀನಾ ಕಣ್ಣೊರೆಸಿಕೊಂಡಳು. "ಇಗರ್ಜಿಯಲ್ಲಿ ಪಾದ್ರಿಗಳ ಹತ್ತಿರ ಪಾಪನಿವೇದನೆ ಮಾಡಿ ಬಂದೆ. ಅದು ನಡೆಯುವವರೆಗೆ ಮೀನು ಮುಟ್ಟುವುದಿಲ್ಲ ಅಂತ ಹರಕೆ ಹೇಳಿಕೊಂಡಿದ್ದೇನೆ."

ರಮಾಮಣಿ ಮೆಟ್ಟಿಲಿನ ಮೇಲೆ ಕುಳಿತಳು. ಬಾರದ ಆ ವಾಸನೆ! ಅದನ್ನು ತನ್ನ ವ್ರತಕ್ಕೆ ಸಂದ ಮರ್ಯಾದೆ ಎಂದುಕೊಂಡಿದ್ದಳಲ್ಲ.

"ನಿಮ್ಮ ಕಾಳು ಅದು ಮೂಸಿಯೂ ನೋಡಲಿಲ್ಲ ಟೀಚರ್," ಲೀನಾ ಮೆಲ್ಲನೆ ಹೇಳಿದಳು. "ಪೇರಳೆ ಕೊಯ್ದು ಹಾಕಿದೆ, ಕೊತ್ತಂಬರಿ ಹಾಕಿದೆ. ಎಷ್ಟು ಗಬಗಬ ತಿಂತು! ಅದೇ ತಪ್ಪಾಯ್ತೋ ಅಂತಲೂ ಹೆದರಿದೆ."

"ಇವತ್ತಿನಿಂದ ನೀವು ಮೀನು ತಿನ್ನಬೇಕು."

"ಹೇಳಿಕೊಂಡದ್ದು ಹೇಳಿಕೊಂಡದ್ದೇ ಅಲ್ವಾ? ನಿಮ್ಮದೂ ವ್ರತ, ನನ್ನದೂ ವ್ರತ. ಅದು ನಡೆಯಲಿ, ಮತ್ತೆ ತಿನ್ನುವ." ಲೀನಾ ಒಳಗೆ ಹೋಗಿ ಒಂದು ಮಡಿಲು ಪೇರಳೆ ತಂದು ಕೊಟ್ಟಳು. ರಮಾಮಣಿ ಅದನ್ನು ಸೆರಗಿನಲ್ಲಿ ಕಟ್ಟಿಕೊಂಡು ಬಂದಳು.

ವ್ರತದ ಅಡುಗೆಮನೆಯಲ್ಲಿ ಅವಳು ದೊಣ್ಣೆಮೆಣಸು ಹೆಚ್ಚಿದಳು. ತಾನು ಒಂದು ಚೂರು ಬಾಯಿಗೆ ಹಾಕಲಿಲ್ಲ, ವ್ರತ ಬಿಡಲಿಲ್ಲ. ಬಿಡಬೇಕಾದದ್ದು ಅದಲ್ಲ ಎಂದು ಅವಳಿಗೆ ಗೊತ್ತಾಗಿತ್ತು. ಮದುವೆಯ ಕಾಲದ ನೂಲಿನ ಸೀರೆಯನ್ನು ಹರಿದು ಚಾವಡಿಯಲ್ಲಿ ಹಾಸಿದಳು. ಅನ್ವಿತಾ ಟವೆಲನ್ನು ಹೊಟ್ಟೆಯಡಿ ಹಾಕಿ ಎತ್ತಿ ಹಿಡಿದರೆ, ಪುಂಡಿ ಕಾಲೂರಲು ನೋಡಿ ಸೋತು ಕುಳಿತುಕೊಳ್ಳುತ್ತಿತ್ತು. ಮಲ್ಪೆಯಿಂದ ದೋಣಿಗಳು ಕಡಲಿಗಿಳಿದವು. ಮಳೆಗಾಲದ ರಜೆ ಮುಗಿದು ಹೊಸ ಬಂಗುಡೆ ಬಂತು. ಮೀನು ಮಾರುವ ಬೂಬ ಎಂಬವಳು ಬುಟ್ಟಿ ಹೊತ್ತು ಲೀನಾಳ ಗೇಟಿನಲ್ಲಿ ನಿಂತು ಕರೆದು, "ಇವತ್ತೂ ಬೇಡವಾ ಬಾಯಿ?" ಎಂದು ಮುಂದೆ ಹೋಗುವುದನ್ನು ರಮಾಮಣಿ ದಿನವೂ ಕೇಳಿದಳು. ಕೇಳಿದಾಗಲೆಲ್ಲ ಮುಖಕ್ಕೆ ಹೊಡೆದಂತಾಗುತ್ತಿತ್ತು.

ಶಾಕವ್ರತ ಮುಗಿದು ಮೊಸರು ಬಿಡುವ ವ್ರತ ಶುರುವಾಗಿತ್ತು. ಶನಿವಾರ ಚಾವಡಿಯಲ್ಲಿ ಭಜನೆ ನಡೆಯುತ್ತಿತ್ತು. ತಾಳದ ನಡುವೆ, ಅಡುಗೆಮನೆಯಲ್ಲಿ ಅನ್ವಿತಾ ಕೊತ್ತಂಬರಿಯ ಕಾಗದ ಬಿಚ್ಚಿದಳು. ಕುಂಯ್ ಎಂದಿತು ಪುಂಡಿ. ಎದ್ದಿತು. ಹಿಂಗಾಲು ನಡುಗಿದವು, ಒಮ್ಮೆ ಕುಳಿತಿತು, ಮತ್ತೆ ಎದ್ದಿತು. ಹೆಂಗಸರ ನಡುವಿನಿಂದ, ಹರಿದ ಸೀರೆಯ ಮೇಲೆ, ಓಲಾಡುತ್ತಾ ಅಡುಗೆಮನೆಯ ಬಾಗಿಲವರೆಗೆ ನಡೆಯಿತು.

ರಮಾಮಣಿಯ ಕೈಯಿಂದ ತಾಳ ಜಾರಿತು. ಅಡುಗೆಮನೆಗೆ ಓಡಿ ಕಿಟಕಿ ತೆರೆದು, ಕ್ಲಾಸಿನಲ್ಲಿ ಕೂಗುವ ಗಂಟಲಲ್ಲಿ ಕೂಗಿದಳು. "ಲೀನಾ ಬಾಯೀ! ಪುಂಡಿ ನಡೆಯಿತು! ಮೀನು ತನ್ನಿ! ಇವತ್ತೇ ಮೀನು ತನ್ನಿ!"

ಭಜನೆ ನಿಂತಿತು. ಅವಳು ತಿರುಗಿ ಬರುವಾಗ ಎಲ್ಲರ ಬಾಯಿ ತೆರೆದೇ ಇತ್ತು.

"ಎಂತ ಟೀಚರ್ ಇದು? ಭಟ್ರ ಮನೆಯಲ್ಲಿ?" ಎಂದಳು ಕುಶಲಾ.

ರಮಾಮಣಿ ಅವರ ನಡುವೆ ಕುಳಿತು ಹೇಳಿದಳು. ವ್ರತ, ಕ್ಲಿನಿಕ್ಕಿನ ಸುಳ್ಳು, ಲೀನಾಳ ಪಾಪನಿವೇದನೆ, ಯಾವುದನ್ನೂ ಬಿಡಲಿಲ್ಲ. "ಅವತ್ತು ನಿಮಗೆ ತೋರಿಸಿ ಹೊಗಳಿಸಿಕೊಂಡೆ. ಅದರ ಕಾಲು ಹೋದದ್ದು ನನ್ನಿಂದ. ಮೀನು ಬಿಟ್ಟು ಕೂತದ್ದು ಆ ಬಾಯಿ." ಈ ಸಲ ಯಾರೂ ನಗಲಿಲ್ಲ. ಕುಶಲಾ ಮಾತ್ರ ಪುಂಡಿಯನ್ನು ಒಮ್ಮೆ, ರಮಾಮಣಿಯನ್ನು ಒಮ್ಮೆ ನೋಡಿ, ಭಜನೆಯ ಪುಸ್ತಕದ ಹಾಳೆ ತಿರುವಿದಳು.

ಸಂಜೆ ಪಕ್ಕದ ಮನೆಯಲ್ಲಿ ಬಂಗುಡೆ ಹುರಿಯುವ ವಾಸನೆ ಎದ್ದಿತು. ಅನ್ವಿತಾ ಅಭ್ಯಾಸದಂತೆ ಓಡಿಬಂದು ಕಿಟಕಿಯ ಬಾಗಿಲಿಗೆ ಕೈ ಹಾಕಿದಳು.

"ಇರಲಿ," ಎಂದಳು ರಮಾಮಣಿ. "ಮುಚ್ಚಬೇಡ."

ಎದುರಿನ ಕಿಟಕಿಯಲ್ಲಿ ಲೀನಾ ಕಾವಲಿಯ ಮುಂದೆ ನಿಂತಿದ್ದಳು. ಈ ಕಿಟಕಿ ತೆರೆದಿದ್ದುದನ್ನು ಕಂಡು ಗಾಬರಿಯಾಗಿ, ಅವಳೇ ತನ್ನ ಕಿಟಕಿಯನ್ನು ಮುಚ್ಚಲು ಕೈಚಾಚಿದಳು. ರಮಾಮಣಿ ಬೇಡ ಬೇಡವೆಂದು ಕೈಯಾಡಿಸಿದಳು. ಲೀನಾ ಅರ್ಧ ಮುಚ್ಚಿದ ಬಾಗಿಲನ್ನು ಹಿಡಿದುಕೊಂಡು, ಏನು ಮಾಡುವುದೆಂದು ತಿಳಿಯದೆ, ಹಾಗೇ ನಿಂತಳು.