ಬೆನ್ನ ಹಿಂದಿನ ಕೈ

"ನಾನು ಬರಲ್ಲ! ಒಳಗೆ ಚುಚ್ಚಮ್ಮ ಇದಾಳೆ!"

"ಅಯ್ಯೋ, ಅಜ್ಜಿ ಕಣೇ ಅದು! ಮೆತ್ತಗೆ ಮಾತಾಡು," ಎಂದು ನರ್ಸಮ್ಮನ ಸೊಸೆ ಮಗಳ ಬಾಯಿ ಮುಚ್ಚಲು ಹೋದಳು. ಬೆಂಚಿನ ಮೇಲಿದ್ದ ತಾಯಂದಿರು ಮುಖ ತಿರುಗಿಸಿಕೊಂಡು ನಕ್ಕರು.

ಲಸಿಕೆ ಕೋಣೆಯೊಳಗೆ ಕುಳಿತಿದ್ದ ನರ್ಸಮ್ಮನಿಗೆ ಎಲ್ಲವೂ ಕೇಳಿಸಿತು. ಬೇಸರವಾಗಲಿಲ್ಲ ಅಂತಲ್ಲ, ಬೇಸರಪಡುವುದಕ್ಕೂ ಒಂದಿಷ್ಟು ತ್ರಾಣ ಬೇಕಲ್ಲ, ಅದು ಬೆಳಗಿನಿಂದ ಎತ್ತಿ ಇಳಿಸಿದ ಮಕ್ಕಳ ಜೊತೆಗೇ ಖರ್ಚಾಗಿ ಹೋಗಿತ್ತು. ಚುಚ್ಚಮ್ಮ ಎಂಬ ಹೆಸರು ಆ ಬೀದಿಗೆ ಹಳೆಯದು. ಮಕ್ಕಳು ಉಣ್ಣದಿದ್ದರೆ, ಮಲಗದಿದ್ದರೆ, ತಾಯಂದಿರು ಕರೆಯುತ್ತಿದ್ದುದು ಅವಳನ್ನೇ. ಗುಮ್ಮನಿಗಾದರೂ ರಜೆ ಸಿಗುತ್ತಿತ್ತೇನೋ, ಅವಳಿಗಿರಲಿಲ್ಲ.

ಬೇರೆಯವರ ಮಕ್ಕಳು ಹೆದರಿದರೆ ಹೆದರಲಿ. ಆದರೆ ಮೊಮ್ಮಗಳು ಪುಟ್ಟಿಗೆ ಹೋದ ಸಲದ ಲಸಿಕೆಯನ್ನೂ ಅವಳೇ ಹಾಕಿದ್ದಳು. ಅಂದಿನಿಂದ ಮಗು ಅವಳ ಮಡಿಲಿಗೆ ಬಂದಿಲ್ಲ. ಇರುವುದು ಒಂದೇ ಮನೆ, ಉಣ್ಣುವುದು ಒಂದೇ ಮೇಜು. ಅಜ್ಜಿ ಪಕ್ಕಕ್ಕೆ ಬಂದು ಕೂತರೆ ಸಾಕು, ತಟ್ಟೆ ಎತ್ತಿಕೊಂಡು ಅಪ್ಪನ ಕಡೆ ಸರಿಯುತ್ತಾಳೆ. "ಈ ಸಲ ಬೇರೆ ಕಡೆ ಹಾಕಿಸ್ತೀವಮ್ಮಾ," ಅಂದಿದ್ದ ಮಗ. ಅವಳು ಒಪ್ಪಿರಲಿಲ್ಲ. ಯಾಕೆಂದರೆ ಮೊನ್ನೆ ಮೊನ್ನೆ ಅವಳ ಕೋಣೆಗೆ ಸೂಜಿಯಿಲ್ಲದ ಯಂತ್ರ ಬಂದಿತ್ತು.

ಟಾರ್ಚಿನಷ್ಟು ದಪ್ಪದ ವಸ್ತು. ತುದಿಯಲ್ಲಿ ಪ್ಲಾಸ್ಟಿಕ್ಕಿನ ಮೂತಿ, ಅದರಲ್ಲಿ ಔಷಧಿ, ಒಳಗೆ ಬಿಗಿದ ಸ್ಪ್ರಿಂಗು. ತೋಳಿಗೆ ಒತ್ತಿ ಗುಂಡಿ ಅದುಮಿದರೆ ಔಷಧಿ ಕೂದಲೆಳೆಯಂಥ ಧಾರೆಯಾಗಿ ಚರ್ಮದೊಳಕ್ಕೆ ನುಗ್ಗುತ್ತದೆ. ನೋವೇ ಇಲ್ಲ ಅಂತಲ್ಲ, ರಬ್ಬರ್ ಬ್ಯಾಂಡ್ ಎಳೆದು ಬಿಟ್ಟ ಹಾಗೆ. ತೊಡಕು ಒಂದೇ: ತೋಳು ಅಲ್ಲಾಡಬಾರದು. ಕೊಸರಿದರೆ ಚರ್ಮ ಸೀಳುತ್ತದೆ, ಔಷಧಿ ಹೊರಗೆ ಚೆಲ್ಲುತ್ತದೆ. ಹಠ ಹಿಡಿದ ಮಕ್ಕಳಿಗೆ ಹಳೆಯ ಸೂಜಿಯೇ ಗತಿ, ಇಬ್ಬರು ಸೇರಿ ಅದುಮಿ ಹಿಡಿದು ಚುಚ್ಚುವುದು. ಇವತ್ತು ಹಾಗೇನಾದರೂ ಆದರೆ ಪುಟ್ಟಿ ಇನ್ನು ತನ್ನ ಕಡೆ ತಿರುಗಿಯೂ ನೋಡುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು.

ಸೊಸೆ ಮಗುವನ್ನು ಎತ್ತಿಕೊಂಡೇ ಒಳಗೆ ಬಂದು ಕುರ್ಚಿಯಲ್ಲಿ ಕುಕ್ಕರಿಸಿದಳು.

"ಬಾ ಬಂಗಾರಿ. ಈ ಸಲ ಸೂಜಿ ಇಲ್ಲ ಕಣೇ. ಅಜ್ಜಿ ಸುಳ್ಳು ಹೇಳ್ತೀನಾ?"

"ಹೋದ್ಸಲಾನೂ ಹೀಗೇ ಅಂದೆ!"

ಪಕ್ಕದಲ್ಲಿದ್ದ ಕಿರಿಯ ನರ್ಸು ಕಿಸಕ್ಕೆಂದಳು. "ಸಾಕ್ಷಿ ಗಟ್ಟಿಯಾಗಿದೆ ಅಕ್ಕಾ. ಈ ಕೇಸು ನೀವು ಗೆಲ್ಲಲ್ಲ."

ನರ್ಸಮ್ಮ ನಗುತ್ತಲೇ ಎದ್ದಳು. ಯಂತ್ರ ಕೈಗೆತ್ತಿಕೊಂಡು ಹತ್ತಿರ ಬಂದು, "ಅಗೋ, ಕಿಟಕೀಲಿ ಗುಬ್ಬಿ ನೋಡು!" ಅಂದಳು.

ಮಗು ಕಿಟಕಿಯ ಕಡೆ ನೋಡಲೇ ಇಲ್ಲ. "ಆ ಕೈ! ಆ ಕೈ ಹಿಂದೆ ಹೋಯ್ತು!" ಎಂದು ಕಿಟಾರನೆ ಕಿರುಚಿ ಕಾಲು ಝಾಡಿಸಿತು. ಹತ್ತಿಯ ತಟ್ಟೆ ನೆಲಕ್ಕುರುಳಿತು.

ನರ್ಸಮ್ಮ ತನ್ನ ಬಲಗೈಯನ್ನು ಹುಡುಕಿಕೊಂಡಳು. ಅದು ಬೆನ್ನ ಹಿಂದಿತ್ತು, ಯಂತ್ರದ ಸಮೇತ. ಅವಳು ಕಳಿಸಿರಲಿಲ್ಲ, ತಾನಾಗಿಯೇ ಹೋಗಿತ್ತು. ಕೆಲಸಕ್ಕೆ ಸೇರಿದ ಹೊಸದರಲ್ಲಿ ಹಿರಿಯ ನರ್ಸು ಕಲಿಸಿದ್ದು ಅದನ್ನೇ: ಸೂಜಿ ಬೆನ್ನ ಹಿಂದೆ, ನಗು ಮುಖದ ಮೇಲೆ. ಬಚ್ಚಿಡುವಂಥದ್ದು ಈಗ ಏನೂ ಇರಲಿಲ್ಲ. ಕೈಗೆ ಅದನ್ನು ಯಾರೂ ಹೇಳಿರಲಿಲ್ಲ.

"ಹೋಗ್ಲಿ ಬಿಡಿ ಅತ್ತೆ, ಸೂಜೀನೇ ಹಾಕಿಬಿಡಿ. ನಾನು ಗಟ್ಟಿಯಾಗಿ ಹಿಡ್ಕೋತೀನಿ. ನನಗೂ ಕೆಲಸಕ್ಕೆ ಹೊತ್ತಾಯ್ತು." ಸೊಸೆಯ ದನಿಯಲ್ಲಿ ಸಿಟ್ಟಿರಲಿಲ್ಲ, ಬರೀ ಸುಸ್ತು.

ನರ್ಸಮ್ಮ ಸ್ಟೂಲಿನ ಮೇಲೆ ಕುಸಿದು ಕುಳಿತಳು. ಯಂತ್ರವನ್ನು ಕಿರಿಯಳ ಕಡೆ ಚಾಚಿದಳು. "ತಗೋ. ನೀನೇ ಹಾಕು."

"ನಾನಾ? ನಿಮ್ಮ ಮೊಮ್ಮಗಳು ಅಕ್ಕಾ. ಬೆಳಗಿಂದ ನಾನೇ ಹಾಕ್ತೀನಿ, ನಾನೇ ಹಾಕ್ತೀನಿ ಅಂತಿದ್ರಿ..."

"ಹಾಕೇ ಅಂದ್ನಲ್ಲ."

ಆಮೇಲೆ ಎರಡೂ ಕೈಗಳನ್ನು ಮೇಜಿನ ಮೇಲೆ ಅಂಗಾತ ಇಟ್ಟಳು. ಸ್ಪಿರಿಟ್ಟಿಗೆ ಒಣಗಿ ಬಿರಿದ ಬೆರಳುಗಳು, ಊದಿದ ಗೆಣ್ಣುಗಳು. "ನೋಡು ಪುಟ್ಟಿ. ಇವು ಎಲ್ಲೂ ಹೋಗಲ್ಲ. ನೀನೇ ಕಾಯ್ತಾ ಇರು, ಅಲ್ಲಾಡಿದ್ರೆ ಹೇಳು."

ಮಗು ಬಿಕ್ಕುತ್ತಲೇ ಆ ಕೈಗಳನ್ನು ದಿಟ್ಟಿಸಿತು. ತಾಯಿಯ ಹಿಡಿತದಲ್ಲಿ ತೋಳು ನಿಧಾನವಾಗಿ ಸಡಿಲಾಯಿತು.

"ಹೆಬ್ಬೆಟ್ಟು ಅಲ್ಲಾಡ್ತು!"

"ಇಲ್ಲಮ್ಮ, ಇಲ್ಲ. ತಪ್ಪಾಯ್ತು."

ಟಪ್.

ಪುಟ್ಟಿ ಹುಬ್ಬು ಗಂಟಿಕ್ಕಿ ತೋಳು ನೋಡಿಕೊಂಡಳು. ಒಂದು ಕೆಂಪು ಚುಕ್ಕೆ, ಅದರ ಮೇಲೊಂದು ಹನಿ. ಅಳಬೇಕೋ ಬೇಡವೋ ಎಂದು ತುಸು ಯೋಚಿಸಿ, ತಿರುಗಿ ಅಜ್ಜಿಯ ಕೈಗಳನ್ನೇ ಕಾಯತೊಡಗಿದಳು. "ಮುಗೀತು ಕಣೇ, ಇಳಿ," ಎಂದು ಸೊಸೆ ಎಳೆದುಕೊಂಡು ಹೋಗಬೇಕಾಯಿತು. ಹೊರಗೆ ಮುಂದಿನ ಮಗು ಆಗಲೇ ಅಳು ಶುರು ಮಾಡಿತ್ತು.

ಸಂಜೆ ನರ್ಸಮ್ಮ ಕಾಲೆಳೆದುಕೊಂಡು ಮನೆ ಸೇರಿದಳು. ಊಟದ ಮೇಜಿನಲ್ಲಿ ಪುಟ್ಟಿಯ ಪಕ್ಕದ ಕುರ್ಚಿಯೊಂದೇ ಖಾಲಿಯಿತ್ತು. ಕೂತಳು. ಮಗುವಿನ ಬೆರಳು ತಟ್ಟೆಯ ಅಂಚು ಹಿಡಿಯಿತು. ಅವಳು ಎರಡೂ ಕೈಗಳನ್ನು ಮೇಜಿನ ಮೇಲಿಟ್ಟಳು, ಅಂಗಾತ.

ಪುಟ್ಟಿ ಕೈಗಳನ್ನು ನೋಡಿದಳು, ಅಜ್ಜಿಯ ಮುಖ ನೋಡಿದಳು, ಮತ್ತೆ ಕೈಗಳನ್ನು ನೋಡಿದಳು. ತಟ್ಟೆಯ ಅಂಚು ಬಿಟ್ಟು ತುತ್ತು ಎತ್ತಿ ಬಾಯಿಗಿಟ್ಟುಕೊಂಡಳು.

"ಅಮ್ಮಾ, ಊಟ ಆರ್ತಾ ಇದೆ," ಅಂದ ಮಗ.

"ಆರ್ಲಿ ಬಿಡು," ಅಂದಳು ಅವಳು, ಕೈ ತೆಗೆಯದೆ.